‘ಯಾರ್ಡ್ ಗೋಟ್’ ಎಂಬುದಕ್ಕೆ ನಮ್ಮ ರೈಲ್ವೆ ಯಾರ್ಡುಗಳಲ್ಲಿ ಏನೆನ್ನುತ್ತಾರೆ?

ಮಾನ್ಯರೇ,

ಅಮೆರಿಕದ ಕನೆಕ್ಟಿಕಟ್ ರಾಜ್ಯದ ಹಾರ್ಟ್‌ಫರ್ಡ್ ನಗರದ ಬೇಸ್‌ಬಾಲ್ ತಂಡಕ್ಕೆ ‘ಯಾರ್ಡ್ ಗೋಟ್ಸ್’ ಎಂಬ ಹೆಸರು ಬಂದ ಬಗೆಯನ್ನು ಕುರಿತು ಇಲ್ಲಿನ ನಮ್ಮ ಕನ್ನಡ ಕೂಟದ ಸಂಚಿಕೆಗೆ ಒಂದು ಲೇಖನ ಬರೆಯುತ್ತಿದ್ದೇನೆ. ಕಥೆ ಹೇಳುವುದು ಕಷ್ಟವಾಗಲಿಲ್ಲ. ಕಷ್ಟವಾಗಿರುವುದು ಕೆಲವು ಪದಗಳು, ಅದರಲ್ಲೂ ಮುಖ್ಯವಾಗಿ ತಂಡದ ಹೆಸರೇ. ನಿಘಂಟು ನೋಡಿ ಬಗೆಹರಿಯುವ ಸಂದೇಹ ಇದಲ್ಲವಾದ್ದರಿಂದ ನಿಮ್ಮ ಮುಂದಿಡುತ್ತಿದ್ದೇನೆ.

ಹಿನ್ನೆಲೆ ಇಷ್ಟು. ಹಾರ್ಟ್‌ಫರ್ಡಿಗೆ ಹದಿನೈದು ಕಿಲೋಮೀಟರಿನಷ್ಟು ದೂರದ ನ್ಯೂ ಬ್ರಿಟನ್ ಊರಿನಲ್ಲಿ ‘ರಾಕ್ ಕ್ಯಾಟ್ಸ್’ ಎಂಬ ಹೆಸರಿನಿಂದ ಆಡುತ್ತಿದ್ದ ತಂಡವು 2016ರಿಂದ ಹಾರ್ಟ್‌ಫರ್ಡಿನದಾಗುವುದೆಂದು ನಿಶ್ಚಯವಾದ ಮೇಲೆ, ಹೊಸ ಹೆಸರನ್ನು ಸೂಚಿಸುವಂತೆ ಜನರನ್ನೇ ಕೇಳಿದರು. ಕೊನೆಯ ಸುತ್ತಿಗೆ ಉಳಿದ ಹೆಸರುಗಳಲ್ಲಿ ನಮ್ಮ ಕಾಡುಗಳಲ್ಲಿಯೂ ಇರುವ ತರಕರಡಿ ಇತ್ತು, ಅಂದರೆ ‘ಹನಿ ಬ್ಯಾಜರ್ಸ್’. ಆ ರಾಜ್ಯದ ಅಧಿಕೃತ ಕೀಟವಾದ ಪ್ರೇಯಿಂಗ್ ಮ್ಯಾಂಟಿಸ್ ಇತ್ತು. ಹೆಲಿಕಾಪ್ಟರ್ ತಯಾರಿಕೆಯ ನೆನಪಿಗೆಂದು ‘ಚಾಪರ್ಸ್’, ‘ವರ್ಲಿಬರ್ಡ್ಸ್’ ಇದ್ದವು. 2015ರಲ್ಲಿ ‘ಯಾರ್ಡ್ ಗೋಟ್ಸ್’ ಆಯ್ಕೆಯಾಯಿತು. ಹೆಸರು ಸಿದ್ಧವಾದರೂ ಕ್ರೀಡಾಂಗಣ ಸಿದ್ಧವಾಗಲಿಲ್ಲ. 2016ರ ಇಡೀ ಋತುವನ್ನು ತಂಡ ಬೇರೆ ಊರುಗಳಲ್ಲೇ ಆಡಬೇಕಾಯಿತು. ಸ್ವಂತ ಅಂಗಳಕ್ಕೆ ಕಾಲಿಟ್ಟದ್ದು 2017ರ ಏಪ್ರಿಲ್‌ನಲ್ಲಿ. ಅಷ್ಟು ಕಾಲ ಆ ಊರಿನವರ ಪಾಲಿಗೆ ತಂಡವೆಂದರೆ ಹೆಸರೊಂದೇ ಆಗಿತ್ತು.

ಹೆಸರಿನ ಅರ್ಥಕ್ಕೆ ಬರುತ್ತೇನೆ. ಇದನ್ನು ‘ಅಂಗಳದ ಮೇಕೆ’ ಎಂದೋ ‘ಹಿತ್ತಲ ಮೇಕೆ’ ಎಂದೋ ಅನುವಾದಿಸಿದರೆ ಪೂರ್ತಿ ತಪ್ಪಾಗುತ್ತದೆ. ಇಲ್ಲಿ ಯಾರ್ಡ್ ಎಂದರೆ ರೈಲ್ವೆ ಯಾರ್ಡ್. ಗೋಟ್ ಎಂದರೆ ಆ ಯಾರ್ಡಿನೊಳಗೇ ಓಡಾಡುತ್ತ ಗಾಡಿಗಳನ್ನು ತಳ್ಳಿ, ಎಳೆದು, ಒಂದು ಹಳಿಯಿಂದ ಇನ್ನೊಂದಕ್ಕೆ ದಾಟಿಸಿ ರೈಲು ಕಟ್ಟುವ ಚಿಕ್ಕ ಎಂಜಿನ್. ಅಮೆರಿಕದ ರೈಲ್ವೆ ಕೆಲಸಗಾರರು ತಮ್ಮ ಆಡುಮಾತಿನಲ್ಲಿ ಅದಕ್ಕೆ ಇಟ್ಟುಕೊಂಡ ಹೆಸರು ಇದು. 1872ರಲ್ಲಿ ಹುಟ್ಟಿ 1969ರ ಆರಂಭದಲ್ಲಿ ಬೇರೊಂದು ಕಂಪನಿಯಲ್ಲಿ ಲೀನವಾದ ‘ನ್ಯೂಯಾರ್ಕ್, ನ್ಯೂ ಹೇವನ್ ಆ್ಯಂಡ್ ಹಾರ್ಟ್‌ಫರ್ಡ್’ ರೈಲ್ವೆಯ ಹೆಸರಿನಲ್ಲೇ ಈ ಊರು ಇತ್ತಾದ್ದರಿಂದ, ಊರಿಗೂ ಈ ಹೆಸರಿಗೂ ನಂಟು ಗಟ್ಟಿಯಾಗಿಯೇ ಇದೆ. ಇಷ್ಟೆಲ್ಲ ಇದ್ದೂ ತಂಡದ ಲಾಂಛನದಲ್ಲಿ ಇರುವುದು ಎಂಜಿನ್ ಅಲ್ಲ, ನಿಜವಾದ ಮೇಕೆ. ಬೇಸ್‌ಬಾಲ್ ಬ್ಯಾಟನ್ನು ಬಾಯಿಯಲ್ಲಿ ಕಚ್ಚಿಕೊಂಡಿರುವ ಮೇಕೆ. ಊರಿನಿಂದ ಬಂದಿದ್ದ ನಮ್ಮ ಅಮ್ಮ ನನ್ನ ಟೋಪಿಯ ಮೇಲೆ ಅದನ್ನು ನೋಡಿ, ‘ಆಡು ಮುಟ್ಟದ ಸೊಪ್ಪಿಲ್ಲ ಅಂತ ಕೇಳಿದ್ದೆ, ಇದು ದೊಣ್ಣೆಯನ್ನೂ ಬಿಟ್ಟಿಲ್ಲವಲ್ಲ’ ಎಂದರು. ಆ ಚಿತ್ರಕ್ಕೆ ಅದಕ್ಕಿಂತ ಸರಿಯಾದ ಕನ್ನಡ ವಿವರಣೆ ನನಗೆ ಹೊಳೆದಿಲ್ಲ.

ನಾನು ಬೆಳೆದದ್ದು ಅರಸೀಕೆರೆಯಲ್ಲಿ, ಮೀಟರ್ ಗೇಜ್ ಕಾಲದಲ್ಲಿ. ಸಂಜೆ ಶಾಲೆ ಬಿಟ್ಟ ಮೇಲೆ ಸ್ಟೇಷನ್ನಿನ ಮೇಲ್ಸೇತುವೆಯಲ್ಲಿ ನಿಂತು ನಾವು ನೋಡುತ್ತಿದ್ದುದು ಮೇಲ್ ಗಾಡಿಗಳನ್ನಲ್ಲ, ಶಂಟಿಂಗನ್ನು. ಪಾಯಿಂಟ್ಸ್‌ಮ್ಯಾನ್ ಹಸಿರು ಬಾವುಟವನ್ನು ನಿಧಾನವಾಗಿ ಆಡಿಸುತ್ತಿದ್ದಂತೆ ಎಂಜಿನ್ ಹಿಮ್ಮೆಟ್ಟಿ ಬಂದು ನಿಂತ ಗೂಡ್ಸ್ ಡಬ್ಬಿಗೆ ಮುಟ್ಟುತ್ತಿತ್ತು. ಮೊದಲ ಡಬ್ಬಿಗೆ ತಗುಲಿದ ಪೆಟ್ಟು ಎರಡನೆಯದಕ್ಕೆ, ಮೂರನೆಯದಕ್ಕೆ ಹೋಗಿ, ‘ಢಣ್ ಢಣ್ ಢಣ್’ ಎಂದು ಸಾಲಿನ ಕೊನೆಯವರೆಗೆ ಸರಿದು, ಅಲ್ಲಿ ತಣ್ಣಗಾಗುತ್ತಿತ್ತು. ‘ಗೋಟ್’ ಎಂಬ ಹೆಸರಿನ ಮೂಲ ಹಾಯುವುದರಲ್ಲಿ ಇದೆಯೆಂದು ಯಾರಾದರೂ ಹೇಳಿದರೆ ನಾನು ಆಕ್ಷೇಪವಿಲ್ಲದೆ ಒಪ್ಪುವುದು ಈ ನೆನಪಿನಿಂದಾಗಿ. ಆದರೆ ನಮ್ಮ ಊರಿನಲ್ಲಿ ಆ ಎಂಜಿನ್ನಿಗೆ ‘ಶಂಟಿಂಗ್ ಎಂಜಿನ್’ ಎನ್ನುವುದನ್ನು ಬಿಟ್ಟು ಬೇರೆ ಹೆಸರನ್ನು ನಾನು ಕೇಳಲಿಲ್ಲ. ಪದವೇನೋ ನಮ್ಮಲ್ಲಿ ಚೆನ್ನಾಗಿ ಬೇರೂರಿತ್ತು. ಕೆಲಸವಿಲ್ಲದೆ ಬಸ್ ಸ್ಟ್ಯಾಂಡಿಗೂ ಮನೆಗೂ ತಿರುಗುವವನನ್ನು ‘ಶಂಟಿಂಗ್ ಹೊಡೀತಾನೆ’ ಎನ್ನುತ್ತಿದ್ದರು. ಆದರೂ ಅದು ಕೆಲಸದ ಹೆಸರು, ಇಲಾಖೆ ಕೊಟ್ಟ ಹೆಸರು. ಕೆಲಸಗಾರರು ಒಂದು ಯಂತ್ರದ ಜೊತೆ ದಿನವೂ ಬಾಳಿ, ಅದರ ಸ್ವಭಾವ ನೋಡಿ ಇಟ್ಟ ಹೆಸರಲ್ಲ.

ಆದ್ದರಿಂದ ನನ್ನ ಮೊದಲ ಪ್ರಶ್ನೆ ಇದು: ಹುಬ್ಬಳ್ಳಿ, ಗದಗ, ಗುಂತಕಲ್ಲು, ಅರಸೀಕೆರೆ, ಬೀರೂರು, ಮೈಸೂರಿನ ರೈಲ್ವೆ ಕೆಲಸಗಾರರ ಮನೆಗಳಲ್ಲಿ ಶಂಟಿಂಗ್ ಎಂಜಿನ್ನಿಗೆ ಟಗರು, ಹೋತ, ಗೂಳಿ, ಕೋಣ ಇತ್ಯಾದಿಯಾಗಿ ಏನಾದರೂ ಅಚ್ಚ ಆಡುಮಾತಿನ ಹೆಸರು ಇತ್ತೇ? ನಾನಾಗಿಯೇ ಹೊಸದೊಂದನ್ನು ಸೃಷ್ಟಿಸಬೇಕಾದರೆ ‘ಯಾರ್ಡ್ ಟಗರು’ ಎನ್ನುವೆ, ಏಕೆಂದರೆ ಡಿಕ್ಕಿ ಹೊಡೆಯುವುದಕ್ಕೆ ಕನ್ನಡದಲ್ಲಿ ಹೆಸರಾಗಿರುವುದು ಟಗರೇ ಹೊರತು ಮೇಕೆಯಲ್ಲ. ಆದರೆ ಬಳಕೆಯಲ್ಲಿದ್ದ ಪದವೊಂದು ಎಲ್ಲೋ ಇರುವಾಗ ಹೊಸದನ್ನು ಹೊಸೆಯುವುದು ಸರಿಯಲ್ಲವೆಂದು ನನ್ನ ದೃಢವಾದ ಅಭಿಪ್ರಾಯ.

ಈ ಬಗೆಯ ತೊಡಕು ಈ ಒಂದೇ ತಂಡದ್ದಲ್ಲ. ಪೆನ್ಸಿಲ್ವೇನಿಯಾದ ಅಲೆನ್‌ಟೌನ್ ಊರಿನ ತಂಡ 2008ರಿಂದ ‘ಐರನ್‌ಪಿಗ್ಸ್’ ಎಂಬ ಹೆಸರಿನಿಂದ ಆಡುತ್ತಿದೆ. ಪಕ್ಕದ ಬೆತ್ಲೆಹೆಮ್‌ನ ಉಕ್ಕಿನ ಕಾರ್ಖಾನೆಯ ನೆನಪು ಅದರಲ್ಲಿದೆ. ಕರಗಿದ ಕಬ್ಬಿಣವನ್ನು ಒಂದು ಉದ್ದನೆಯ ಕಾಲುವೆಯಿಂದ ಸಾಲು ಅಚ್ಚುಗಳಿಗೆ ಹರಿಸಿದಾಗ, ತಾಯಿ ಹಂದಿಯ ಮಗ್ಗುಲಲ್ಲಿ ಮರಿಗಳು ಹಾಲು ಕುಡಿಯುತ್ತಿರುವಂತೆ ಕಾಣುತ್ತಿದ್ದುದರಿಂದ ಇಂಗ್ಲಿಷಿನಲ್ಲಿ ಅದು ‘ಪಿಗ್ ಐರನ್’ ಆಯಿತು. ಅದನ್ನು ತಿರುವಿ ಹಾಕಿದರೆ ತಂಡದ ಹೆಸರು. ನಮ್ಮಲ್ಲಿ 1923ರಿಂದ ಭದ್ರಾವತಿಯಲ್ಲಿ ಅದೇ ಕಬ್ಬಿಣ ಕರಗಿ ಹರಿದಿದೆ, ಆದರೆ ಕನ್ನಡ ಅದನ್ನು ‘ಬೀಡು ಕಬ್ಬಿಣ’ ಎಂದಿತು. ಬೀಡಿನಲ್ಲಿ ಹಂದಿಯಿಲ್ಲ. ಹೀಗಾಗಿ ಆ ತಂಡದ ಹೆಸರನ್ನು ಯಾರೂ ಕನ್ನಡಕ್ಕೆ ತರಲಾರರು. ಉಳಿಸಿಕೊಂಡು ವಿವರಿಸಬಹುದು ಅಷ್ಟೆ. ಇದಕ್ಕೆ ಎದುರಾದ ಉದಾಹರಣೆಯೂ ಇದೆ. 1896ರಲ್ಲಿ ಓಹಾಯೋದ ಟಲೀಡೊ ಊರಿನ ತಂಡ ಆಡುತ್ತಿದ್ದ ಮೈದಾನದ ಪಕ್ಕದ ಜೌಗಿನಲ್ಲಿ ಓಡಾಡುತ್ತಿದ್ದ ಹಕ್ಕಿಗಳಿಂದ ‘ಮಡ್ ಹೆನ್ಸ್’ ಎಂಬ ಹೆಸರು ಬಂತು. ಇಂದಿಗೂ ಅದೇ ಇದೆ. ಪದಶಃ ತಂದರೆ ‘ಕೆಸರುಕೋಳಿ’ ಆಗುತ್ತದೆ, ಆದರೆ ಆ ಹಕ್ಕಿಯ ಹತ್ತಿರದ ಬಂಧು ನಮ್ಮ ಕೆರೆಗಳಲ್ಲೇ ಇದ್ದು, ಹಣೆಯ ಬಿಳಿ ಪಟ್ಟೆಯಿಂದಾಗಿ ‘ನಾಮದ ಕೋಳಿ’ ಎನಿಸಿಕೊಂಡಿದೆ. ಇಲ್ಲಿ ನಾನು ಹಿಂಜರಿಯದೆ ‘ನಾಮದ ಕೋಳಿ’ಯೆಂದೇ ವಿವರಿಸಿದ್ದೇನೆ.

ಎರಡನೆಯ ಸಂದೇಹ ‘ಅಡ್ಡಹೆಸರು’ ಎಂಬ ಪದದ್ದು. ಊರಿನ ಹೆಸರಿನ ಮುಂದೆ ಸೇರುವ ‘ಯಾರ್ಡ್ ಗೋಟ್ಸ್’, ‘ಮಡ್ ಹೆನ್ಸ್’ ಮುಂತಾದ ಭಾಗವನ್ನು ಅಮೆರಿಕನ್ನರು ‘ನಿಕ್‌ನೇಮ್’ ಎನ್ನುತ್ತಾರೆ. ಮೈಸೂರು ಕಡೆಯವನಾದ ನಾನು ಸಹಜವಾಗಿ ಅದನ್ನು ‘ಅಡ್ಡಹೆಸರು’ ಎಂದು ಬರೆದೆ. ಕರಡನ್ನು ಓದಿದ ಧಾರವಾಡದ ಗೆಳತಿಯೊಬ್ಬರು, ‘ನಮ್ಮ ಕಡೆ ಅಡ್ಡಹೆಸರು ಅಂದ್ರ ಮನೆತನದ ಹೆಸರು, ನಿಮ್ಮ ಲೇಖನ ಓದಿದ್ರ ತಂಡಕ್ಕ ಸರ್‌ನೇಮ್ ಇಟ್ಟಾರಂತ ಅನಿಸ್ತದ’ ಎಂದರು. ಮೊದಲು ತಿದ್ದಲು ಹೊರಟೆ. ಆಮೇಲೆ ಅವರ ಅರ್ಥವೇ ಇಲ್ಲಿಗೆ ಹೆಚ್ಚು ಹೊಂದುತ್ತದೆ ಎನ್ನಿಸಿತು. ಉತ್ತರ ಕರ್ನಾಟಕದ ಅಡ್ಡಹೆಸರುಗಳು ಹುಟ್ಟಿರುವುದು ಕಸುಬಿನಿಂದ, ಮನೆಯಿಂದ, ಮಾರಿದ ಸರಕಿನಿಂದ: ಬಡಿಗೇರ, ಕಮ್ಮಾರ, ಹೊಸಮನಿ, ಅಕ್ಕಿ, ಬೆಲ್ಲದ, ಉಳ್ಳಾಗಡ್ಡಿ, ಮೆಣಸಿನಕಾಯಿ. ಅಮೆರಿಕದ ಚಿಕ್ಕ ಊರುಗಳ ತಂಡಗಳಿಗೂ ಹೆಸರು ಬಂದಿರುವುದು ಹೆಚ್ಚಾಗಿ ಇದೇ ದಾರಿಯಲ್ಲಿ, ಅಂದರೆ ಊರಿನ ಕಸುಬು, ಊರಿನ ತಿನಿಸು, ಊರಿನ ಪ್ರಾಣಿ. ಅಲಬಾಮಾದ ಮಾಂಟ್‌ಗಮರಿಯ ತಂಡ 2004ರಿಂದ ‘ಬಿಸ್ಕಿಟ್ಸ್’. ಅದು ಚಹಾಕ್ಕೆ ಅದ್ದುವ ಬಿಸ್ಕತ್ತಲ್ಲ, ಆ ಸೀಮೆಯವರು ಬೆಳಗ್ಗೆ ತಿನ್ನುವ ಮೆತ್ತನೆಯ ರೊಟ್ಟಿ. ಉಳ್ಳಾಗಡ್ಡಿಯವರ ಮನೆತನವನ್ನು ಗೌರವದಿಂದ ಕರೆಯುವ ಓದುಗರಿಗೆ ಈ ಹೆಸರು ವಿಚಿತ್ರವೆನಿಸಬೇಕಾಗಿಲ್ಲ. ದಕ್ಷಿಣದವರ ‘ಅಡ್ಡಹೆಸರಿ’ನಲ್ಲಿ ಛೇಡಿಕೆಯ ಛಾಯೆ ಇದೆ, ಉತ್ತರದ್ದರಲ್ಲಿ ಅದಿಲ್ಲ. ಪದವನ್ನು ಉಳಿಸಿಕೊಂಡು ಉತ್ತರದ ಅರ್ಥವನ್ನು ಒಂದು ವಾಕ್ಯದಲ್ಲಿ ಸ್ಪಷ್ಟಪಡಿಸಿದರೆ ಸಾಕೇ, ಅಥವಾ ದಕ್ಷಿಣದ ಓದುಗರು ಆಗಲೂ ಎಡವುತ್ತಾರೆಯೇ?

‘ಮರುನಾಮಕರಣ’ದ ಬಗ್ಗೆ ಚಿಕ್ಕದಾಗಿ ಹೇಳುತ್ತೇನೆ. 2014ರ ನವೆಂಬರ್ 1ರಂದು ಊರುಗಳ ಇಂಗ್ಲಿಷ್ ಹೆಸರುಗಳು ಬದಲಾದ ಕಾಲದಿಂದ ಈ ಪದ ನೆಲೆಯೂರಿದೆ. 2024ರಲ್ಲಿ ರಾಯಲ್ ಚಾಲೆಂಜರ್ಸ್ ತಂಡದ ‘ಬ್ಯಾಂಗಲೋರ್’ ಹೋಗಿ ‘ಬೆಂಗಳೂರು’ ಬಂದಾಗಲೂ ಇದೇ ಪದ ಕಿವಿಗೆ ಬಿತ್ತು, ಕನ್ನಡ ಪತ್ರಿಕೆಗಳು ಅದಕ್ಕೂ ಮೊದಲೇ ‘ಬೆಂಗಳೂರು’ ಎಂದೇ ಬರೆಯುತ್ತಿದ್ದರೂ. ಹಾರ್ಟ್‌ಫರ್ಡಿನ ವಿಷಯದಲ್ಲಿ ಊರೂ ಬದಲಾಗಿ ಹೆಸರೂ ಬದಲಾಗಿದೆ. ಇಲ್ಲಿ ‘ಹೊಸ ಹೆಸರಿಟ್ಟರು’ ಎಂಬ ಎರಡು ಪದಗಳೇ ನನಗೆ ಹಿತವಾಗಿ ಕೇಳಿಸುತ್ತವೆ.

ಮೇಲೆ ಹೇಳಿದ ಬೇಸ್‌ಬಾಲ್ ತಂಡಗಳೆಲ್ಲ ಆಡುವ ‘ಮೈನರ್ ಲೀಗ್’ ಎಂಬುದನ್ನು ಹಾಗೆಯೇ ಬಿಡುವುದು ಅಪಾಯ, ಏಕೆಂದರೆ ಕನ್ನಡದಲ್ಲಿ ಮೈನರ್ ಎಂದರೆ ಹದಿನೆಂಟು ತುಂಬದವರು. ಈ ತಂಡಗಳಲ್ಲಿ ಆಡುವವರು ಸಂಬಳ ಪಡೆಯುವ ವೃತ್ತಿಪರರು. ಒಂದೊಂದು ತಂಡವೂ ಮೇಲಿನ ಲೀಗಿನ ಒಂದು ಕ್ಲಬ್ಬಿಗೆ ಆಟಗಾರರನ್ನು ಪಳಗಿಸಿ ಕೊಡುತ್ತದೆ. ಹಾರ್ಟ್‌ಫರ್ಡಿನವರು ಪಳಗುವುದು ಕೊಲರಾಡೊ ರಾಕೀಸ್ ಕ್ಲಬ್ಬಿಗಾಗಿ. 2021ರಿಂದ ಇಂಥ ತಂಡಗಳು 120 ಇದ್ದು, ನಾಲ್ಕು ಮೆಟ್ಟಿಲುಗಳಲ್ಲಿ ಹಂಚಿಕೊಂಡಿವೆ. ‘ಕಿರಿಯರ ಲೀಗ್’ ಎಂದರೆ ಮತ್ತೆ ವಯಸ್ಸೇ ಮುಂದೆ ಬರುತ್ತದೆ. ಸದ್ಯಕ್ಕೆ ‘ಕೆಳಮೆಟ್ಟಿಲ ಲೀಗ್’ ಎಂದು ಬರೆದಿದ್ದೇನೆ. ಇದಕ್ಕಿಂತ ಹಗುರವಾದ ಪದವಿದ್ದರೆ ತಿಳಿಸಿ.

ಕೊನೆಯದು ಕ್ರಿಯಾಪದ, ಇದರಲ್ಲಿ ನಾನು ನಿಜಕ್ಕೂ ಸೋತಿದ್ದೇನೆ. ‘ಯಾರ್ಡ್ ಗೋಟ್ಸ್’ ಗೆದ್ದಿತೇ, ಗೆದ್ದವೇ, ಗೆದ್ದರೇ? ತಂಡವೆಂದುಕೊಂಡರೆ ‘ಗೆದ್ದಿತು’, ಮೇಕೆಗಳೆಂದುಕೊಂಡರೆ ‘ಗೆದ್ದವು’, ಆಟಗಾರರೆಂದುಕೊಂಡರೆ ‘ಗೆದ್ದರು’. ಇಂಗ್ಲಿಷಿಗೆ ಈ ಕಷ್ಟ ಗೊತ್ತೇ ಇಲ್ಲ. ಕಬಡ್ಡಿಯ ‘ಬೆಂಗಳೂರು ಬುಲ್ಸ್’ ಬಗ್ಗೆ ಬರೆಯುವಾಗ ನಮ್ಮ ಪತ್ರಿಕೆಗಳು ‘ಬುಲ್ಸ್‌ಗೆ ಜಯ’ ಎಂದು ಶೀರ್ಷಿಕೆ ಕೊಟ್ಟು ಕ್ರಿಯಾಪದದಿಂದಲೇ ಪಾರಾಗುತ್ತವೆ, ಅಥವಾ ‘ಬುಲ್ಸ್ ತಂಡವು’ ಎಂದು ತಂಡವನ್ನು ನಡುವೆ ನಿಲ್ಲಿಸುತ್ತವೆ. ‘ಗೂಳಿಗಳು’ ಎಂದು ಕನ್ನಡಿಸಿದಾಗ ಮಾತ್ರ ಒಮ್ಮೆ ‘ಗೆದ್ದವು’, ಒಮ್ಮೆ ‘ಗೆದ್ದರು’ ಎರಡೂ ಸಾಧ್ಯವಾಗುತ್ತವೆ. ‘ಗೋಟ್ಸ್‌ಗಳು’ ಎಂಬ ಇಮ್ಮಡಿ ಬಹುವಚನವನ್ನು ನಾನು ಒಪ್ಪಲಾರೆ. ನನ್ನ ಮನಸ್ಸು ‘ಗೆದ್ದರು’ ಕಡೆಗೇ ವಾಲುತ್ತದೆ, ಏಕೆಂದರೆ ಹೆಸರು ಏನೇ ಇದ್ದರೂ ಆಡುವವರು ಮನುಷ್ಯರು. ಹೀಗಿದ್ದರೂ ಮೇಕೆಗೆ ಇರುವ ನಮ್ಮ ಇನ್ನೊಂದು ಪದ ಕೈ ಹಿಡಿದು ಎಳೆಯುತ್ತದೆ: ಕನ್ನಡದಲ್ಲಿ ಆ ಪ್ರಾಣಿಯೂ ‘ಆಡು’, ಆ ಕ್ರಿಯೆಯೂ ‘ಆಡು’. ‘ಆಡುಗಳು ಆಡಿದವು’ ಎಂಬ ವಾಕ್ಯದ ಸೊಗಸು ಹಾರ್ಟ್‌ಫರ್ಡಿನವರಿಗೆ ಅವರ ಭಾಷೆಯಲ್ಲಿ ಸಿಗಲಾರದ್ದು, ಅದನ್ನು ಬಿಡಲು ಮನಸ್ಸಾಗುತ್ತಿಲ್ಲ.

ಲೇಖನದ ಮೊದಲ ವಾಕ್ಯ ಈಗ ಹೀಗಿದೆ: ‘2017ರ ಏಪ್ರಿಲ್‌ನಲ್ಲಿ ಹಾರ್ಟ್‌ಫರ್ಡಿನ ಯಾರ್ಡ್ ಗೋಟ್ಸ್, ಅಂದರೆ ಆ ಊರಿನ ಶಂಟಿಂಗ್ ಎಂಜಿನ್ನುಗಳು, ಮೊದಲ ಬಾರಿಗೆ ತಮ್ಮ ಸ್ವಂತ ಅಂಗಳದಲ್ಲಿ ಆಡಿದರು.’ ಎಂಜಿನ್ನುಗಳು ‘ಆಡಿದರು’ ಎಂಬುದನ್ನು ನಿಮ್ಮ ಕಿವಿ ಒಪ್ಪುತ್ತದೆಯೇ? ‘ಶಂಟಿಂಗ್ ಎಂಜಿನ್ನುಗಳು’ ಇರುವ ಜಾಗದಲ್ಲಿ ನಿಮ್ಮ ಅಪ್ಪನೋ ಅಜ್ಜನೋ ಯಾರ್ಡಿನಲ್ಲಿ ಬಳಸುತ್ತಿದ್ದ ಪದವೊಂದು ಇದ್ದರೆ, ಯಾವ ಊರಿನ ಯಾರ್ಡ್, ಸುಮಾರು ಯಾವ ವರ್ಷಗಳ ಮಾತು ಎಂಬುದರೊಡನೆ ದಯವಿಟ್ಟು ಬರೆದು ತಿಳಿಸಿ.