ನೇರಳೆ ಮೆಕ್ಕೆಜೋಳ: ಬಣ್ಣವೆಲ್ಲ ಬೇಯಿಸಿದ ನೀರಿಗೆ ಹೋಗುತ್ತಿದೆ, ಸತ್ವ ಉಳಿಸುವುದು ಹೇಗೆ?

ಹಿಟ್ಟಿನಡಬ್ಬಿ: ಪೆರುವಿನ ಒಣ ನೇರಳೆ ಮೆಕ್ಕೆಜೋಳದ ತೆನೆ ಸಿಕ್ಕಿದೆ. ಕಾಳನ್ನು ಕುಕ್ಕರಿನಲ್ಲಿ ಬೇಯಿಸಿದರೆ ನೀರು ಕಡುನೇರಳೆ, ಕಾಳು ಮಂಕು. ಹಿಟ್ಟಿಗೆ ಚಿಟಿಕೆ ಅಡುಗೆ ಸೋಡಾ ಹಾಕಿ ರೊಟ್ಟಿ ತಟ್ಟಿದರೆ ಹಸಿರಾಗುತ್ತದೆ. ಕೆಟ್ಟಿದೆಯೇ? ಸಕ್ಕರೆ ಕಾಯಿಲೆಗೆ ಇದು ಮದ್ದು ಅನ್ನುತ್ತಾರೆ, ನಿಜವೇ?

ಆಹಾರರಸಾಯನ: ಕೆಟ್ಟಿಲ್ಲ. ಆ ಬಣ್ಣ ಆಂಥೋಸಯಾನಿನ್, ಮುಖ್ಯವಾಗಿ ಸಯಾನಿಡಿನ್-3-ಗ್ಲೂಕೋಸೈಡ್. ಹುಳಿಯಲ್ಲಿ ಕೆಂಪು, ಕ್ಷಾರದಲ್ಲಿ ನೀಲಿ-ಹಸಿರು. ಆದರೆ ಕ್ಷಾರದಲ್ಲಿ ಅದು ಬಣ್ಣ ಬದಲಿಸಿ ಸುಮ್ಮನಿರುವುದಿಲ್ಲ, ಒಡೆದೂ ಹೋಗುತ್ತದೆ. ಹಾಗಾಗಿ ಸೋಡಾ ಬೇಡ. ಹಿಟ್ಟನ್ನು ಹುಳಿ ಮಜ್ಜಿಗೆಯಲ್ಲಿ ಕಲಸಿ.

ನೀರಿಗೆ ಬಣ್ಣ ಬಿಡುವುದು ಸಹಜ. ಈ ತಳಿಯಲ್ಲಿ ಬಣ್ಣವಿರುವುದು ಕಾಳಿನ ಹೊರಸಿಪ್ಪೆಯಲ್ಲಿ, ಕಾಳು ಬಿಡಿಸಿದ ಬೆಂಡಿನಲ್ಲಿ. ಬೆಂಡು ಎಸೆದರೆ ಒಳ್ಳೆಯ ಪಾಲನ್ನೇ ಎಸೆದಂತೆ. ಪೆರುವಿನವರು ಚಿಚಾ ಮೊರಾಡಾ ಎಂಬ ನೇರಳೆ ಪಾನಕ ಮಾಡುವಾಗ ಬೆಂಡನ್ನೂ ಸೇರಿಸಿಯೇ ಕುದಿಸುತ್ತಾರೆ. ಅರ್ಧ ಕಿಲೋ ತೆನೆಗೆ 3 ಲೀಟರ್ ನೀರು, ಒಂದು ಅನಾನಸಿನ ಸಿಪ್ಪೆ, ಎರಡು ತುಂಡು ಚಕ್ಕೆ, ನಾಲ್ಕೈದು ಲವಂಗ. ಸಣ್ಣ ಉರಿಯಲ್ಲಿ 40–45 ನಿಮಿಷ. ಸೋಸಿ, ಆರಿದ ಮೇಲೆ ಎರಡು ಮೂರು ನಿಂಬೆಹಣ್ಣು ಹಿಂಡಿ. ಸ್ಟೀಲ್ ಪಾತ್ರೆಯೇ ಬಳಸಿ; ಕಬ್ಬಿಣದ್ದಾದರೆ ಬಣ್ಣ ಕಪ್ಪಿಟ್ಟುಕೊಳ್ಳುತ್ತದೆ.

ಮದ್ದಿನ ಮಾತು ದಯವಿಟ್ಟು ನಂಬಬೇಡಿ. ಆಂಥೋಸಯಾನಿನ್ ನೇರವಾಗಿ ರಕ್ತ ಸೇರುವುದು ತೀರ ಕಡಿಮೆ. ಬಹುಪಾಲು ದೊಡ್ಡ ಕರುಳಿಗಿಳಿದು ಅಲ್ಲಿನ ಬ್ಯಾಕ್ಟೀರಿಯಾಗಳಿಂದ ಸಣ್ಣ ಅಣುಗಳಾಗಿ ಒಡೆಯುತ್ತದೆ. ಇಲಿಗಳ ಮೇಲಿನ ಫಲಿತಾಂಶ ತೋರಿಸಿ ಮಾತ್ರೆ ಬಿಡಿಸುವುದು ಅಪಾಯ. ಕಾಳಿನಲ್ಲಿ ಪಿಷ್ಟ ಇದ್ದೇ ಇದೆ, ಪಾನಕಕ್ಕೆ ಸಕ್ಕರೆ ಸುರಿದರಂತೂ ಕೇಳುವುದೇ ಬೇಡ.

ರೊಟ್ಟಿಕಲ್ಲು: ಮೇಲಿನದು ಸರಿ, ಆದರೆ ಕ್ಷಾರವೆಲ್ಲ ಕೆಟ್ಟದ್ದು ಅಂದುಕೊಳ್ಳಬೇಡಿ. ಮೆಕ್ಸಿಕೊದಲ್ಲಿ ನೀಲಿ ಮೆಕ್ಕೆಜೋಳವನ್ನೂ ಸುಣ್ಣದ ನೀರಿನಲ್ಲಿ ಬೇಯಿಸಿ, ರಾತ್ರಿಯಿಡೀ ನೆನೆಸಿ, ತೊಳೆದು ರುಬ್ಬುತ್ತಾರೆ. ಕಾಳಿನ ತೂಕದ ಸುಮಾರು 1% ಸುಣ್ಣ ಸಾಕು. ಆಂಥೋಸಯಾನಿನ್ ಒಂದಷ್ಟು ನಷ್ಟವಾಗುವುದು ಹೌದು. ಬದಲಿಗೆ ಸಿಪ್ಪೆಯ ನಾರಿಗೆ ಅಂಟಿಕೊಂಡ ಫೆರುಲಿಕ್ ಆಮ್ಲ ಎಂಬ ಉತ್ಕರ್ಷಣ ನಿರೋಧಕ ಬಿಡುಗಡೆಯಾಗುತ್ತದೆ, ನಯಾಸಿನ್ ಎಂಬ ಬಿ3 ಜೀವಸತ್ವ ಮೈಗೆ ಹತ್ತುತ್ತದೆ. ಮೆಕ್ಕೆಜೋಳವೇ ಮುಖ್ಯ ಊಟವಾದವರಿಗೆ ನಯಾಸಿನ್ ಬಣ್ಣಕ್ಕಿಂತ ದೊಡ್ಡದು. ಅದರ ಕೊರತೆಯಿಂದಲೇ ಪೆಲ್ಲಾಗ್ರಾ ಎಂಬ ಕಾಯಿಲೆ ಬರುವುದು.

ಇನ್ನು ನಮ್ಮ ದಾವಣಗೆರೆ, ಹಾವೇರಿ ಕಡೆಯ ಹಳದಿ ಕಾಳನ್ನು ಕಡೆಗಣಿಸಬೇಡಿ. ಅದರ ಲ್ಯೂಟಿನ್, ಜಿಯಾಕ್ಸಾಂಥಿನ್ ಎಂಬ ಹಳದಿ ಬಣ್ಣದ ವಸ್ತುಗಳು ಕಣ್ಣಿನ ಅಕ್ಷಿಪಟಲದ ನಡುಭಾಗದಲ್ಲಿ ಶೇಖರವಾಗುವಂಥವು. ನೇರಳೆ ಸಿಪ್ಪೆ ಇವನ್ನು ಕೊಡುವುದಿಲ್ಲ, ಬಿಳಿ ಕಾಳಿನಲ್ಲಿ ಇವು ಇಲ್ಲವೆನ್ನುವಷ್ಟು ಕಡಿಮೆ. ಜಿಡ್ಡಿನಲ್ಲಿ ಕರಗುವಂಥವಾದ್ದರಿಂದ ರೊಟ್ಟಿಯ ಜೊತೆ ಒಂದು ಚಮಚ ತುಪ್ಪವೋ ಎಣ್ಣೆಯೋ ಇರಲಿ.

ಹಿಟ್ಟಿನಡಬ್ಬಿ: ಈ ನೇರಳೆ ಕಾಳನ್ನೇ ಬಿತ್ತಬಹುದೇ? ಪಕ್ಕದಲ್ಲಿ ಹಳದಿ ಹೈಬ್ರಿಡ್ ಇದೆ.

ಬೀಜದಕಣಜ: ಪರಾಗ ಬೆರೆಯುತ್ತದೆ. ನೇರಳೆ ಸಿಪ್ಪೆ ತಾಯಿ ಗಿಡದ ಅಂಗಾಂಶ, ಆದ್ದರಿಂದ ಈ ಬೆಳೆಯಲ್ಲಿ ಬೆರಕೆ ಹೊರಗಿನಿಂದ ಕಾಣಿಸುವುದಿಲ್ಲ. ಆ ಬೀಜ ಮತ್ತೆ ಬಿತ್ತಿದಾಗ ತಳಿ ಕದಡಿರುವುದು ಗೊತ್ತಾಗುತ್ತದೆ. ನೀಲಿ ತಳಿಯಲ್ಲಿ ಬಣ್ಣ ಸಿಪ್ಪೆಯ ಕೆಳಗಿನ ಪದರದ್ದು, ಅಲ್ಲಿ ಬೆರಕೆ ಅದೇ ತೆನೆಯಲ್ಲೇ ಕಾಣುತ್ತದೆ. 400 ಮೀಟರ್ ಅಂತರ ಸಿಗದಿದ್ದರೆ ಹೂಬಿಡುವ ಕಾಲ ಮೂರು ವಾರ ಹಿಂದೆಮುಂದೆ ಆಗುವಂತೆ ಬಿತ್ತನೆ ಹೊಂದಿಸಿ.