ಚಿಕ್ಕಮ್ಮ, ಆ ಫಾರ್ಮ್ಯಾಟ್ ಬಟನ್ ಮಾತ್ರ ಒತ್ಬೇಡಿ

ಚಿಕ್ಕಮ್ಮ ಮೊದ್ಲು ಇದೊಂದು ಕೇಳಿ, ಲ್ಯಾಪ್‌ಟಾಪ್ ಆ ಪೆನ್ ಡ್ರೈವನ್ನ ಫಾರ್ಮ್ಯಾಟ್ ಮಾಡ್ಲಾ, ಅಂದ್ರೆ ಖಾಲಿ ಮಾಡಿ ಹೊಸದಾಗಿ ಸಜ್ಜು ಮಾಡ್ಲಾ ಅಂತ ಕೇಳ್ತಾ ಇದ್ಯಲ್ಲ, ಅದಕ್ಕೆ ಕ್ಯಾನ್ಸಲ್ ಒತ್ತಿ, ಪೆನ್ ಡ್ರೈವ್ ತೆಗೆದು ಬೀರು ಒಳಗೆ ಇಟ್ಬಿಡಿ, ಮತ್ತೆ ಮತ್ತೆ ಹಾಕಿ ನೋಡೋಕೆ ಹೋಗ್ಬೇಡಿ. ಮಿಕ್ಕಿದ್ದು ನಿಧಾನಕ್ಕೆ ಓದಿ. ವಾಯ್ಸ್ ಮೆಸೇಜೇ ಕಳಿಸೋಣ ಅಂದ್ಕೊಂಡೆ ಆದ್ರೆ ಅಂಗಡೀಲಿ ಜೆರಾಕ್ಸ್ ಮಷೀನ್ ಕಿರಿಚ್ಕೋತಾ ಇದೆ, ಅದಕ್ಕೆ ಫೋನ್‌ಗೆ ಮಾತಾಡಿ ಮಾತಾಡಿ ಅದರ ಕೈಲೇ ಟೈಪ್ ಮಾಡಿಸ್ತಾ ಇದೀನಿ, ಅಲ್ಲಲ್ಲಿ ತಪ್ಪಿದ್ರೆ ಹೊಟ್ಟೆಗೆ ಹಾಕ್ಕೊಳ್ಳಿ.

ನಿನ್ನೆ ರಾತ್ರಿ ಮೆಸೇಜ್ ನೋಡದೇ ಇರೋರಿಗೆ ಹೇಳ್ತೀನಿ, ಪುಟ್ಟನ ನಾಮಕರಣದ ವಿಡಿಯೋನ ಟೀವೀಲಿ ನೋಡೋಣ ಅಂತ ಚಿಕ್ಕಮ್ಮ ಲ್ಯಾಪ್‌ಟಾಪಿಂದ ಪೆನ್ ಡ್ರೈವ್‌ಗೆ ಹಾಕಿದಾರೆ, ಅದೂ ಕಾಪಿ ಅಲ್ಲ, ಕಟ್ ಮಾಡಿ ಪೇಸ್ಟ್ ಮಾಡಿದಾರೆ, ಲ್ಯಾಪ್‌ಟಾಪಲ್ಲಿ ಜಾಗ ಇಲ್ಲ ಅಂತ. ಪೂರ್ತಿ ಆಯ್ತು ಅಂತ ಕಾಣಿಸ್ದಾಗ ಸೀದಾ ಕಿತ್ತು ಟೀವಿಗೆ ಹಾಕಿದಾರೆ, ಟೀವಿ ಓದ್ಲಿಲ್ಲ, ವಾಪಸ್ ಲ್ಯಾಪ್‌ಟಾಪಿಗೆ ಹಾಕಿದ್ರೆ ಫಾರ್ಮ್ಯಾಟ್ ಅಂತ ಕೇಳ್ತಾ ಇದೆ. ಕೀಳೋಕೆ ಮುಂಚೆ ಎಜೆಕ್ಟ್ ಅಂತ ಏನೋ ಮಾಡ್ಬೇಕಂತೆ ಹೌದೇನೋ ಅಂತ ಕೇಳಿದ್ರು, ಅದಕ್ಕೆ ಭಾವ ಬರೆದಿದಾರೆ, ಎಜೆಕ್ಟ್ ಗಿಜೆಕ್ಟ್ ಎಲ್ಲ ಹಳೇ ಕಾಲದ್ದು ಕಣ್ರೀ, ನಾನು 10 ವರ್ಷದಿಂದ ಸೀದಾ ಕಿತ್ತು ಜೇಬಿಗೆ ಹಾಕ್ಕೊಂಡು ಹೋಗ್ತೀನಿ ಏನೂ ಆಗಿಲ್ಲ ಅಂತ.

ಭಾವ, ನೀವು ಹೇಳಿದ್ರಲ್ಲಿ ಅರ್ಧ ಸರಿ ಇದೆ, ಆ ಅರ್ಧ ಮೊದ್ಲು ಒಪ್ಕೋತೀನಿ. ಯುಎಸ್‌ಬಿ ಅನ್ನೋದನ್ನ ಮಾಡಿರೋದೇ ಕಂಪ್ಯೂಟರ್ ಆನ್ ಇದ್ದಾಗ್ಲೇ ಹಾಕಿ ತೆಗೆಯೋಕೆ. 1996ರಲ್ಲಿ ಮೊದಲ ವರ್ಷನ್ ಬಂತು, ಇಂಟೆಲ್‌ನಲ್ಲಿ ಅದರ ಹಿಂದೆ ಕೆಲಸ ಮಾಡಿದ ತಂಡದಲ್ಲಿ ಅಜಯ್ ಭಟ್ ಅಂತ ನಮ್ಮ ದೇಶದೋರೇ ಇದ್ರು, ಬರೋಡಾದಲ್ಲಿ ಓದಿದೋರು (ಭಟ್ರು ಅಂದ ತಕ್ಷಣ ದೊಡ್ಡಪ್ಪ ನಮ್ಮ ಉಡುಪಿ ಕಡೆಯೋರಾ ಅಂತ ಕೇಳ್ಬೇಡಿ, ಅಲ್ಲ, ಗುಜರಾತು). ಪೆನ್ ಡ್ರೈವ್ ಬಾಯೊಳಗೆ ನೋಡಿ, ಹಳೇ ಅಗಲದ ಪಿನ್ ಇರುತ್ತಲ್ಲ, ನಾಕು ಹಿತ್ತಾಳೆ ಬಣ್ಣದ ಪಟ್ಟಿ ಇರುತ್ವೆ, ಆಚೆ ಈಚೆ ಇರೋ ಎರಡು ಒಂಚೂರು ಉದ್ದ, ಮಧ್ಯದ್ದೆರಡು ಗಿಡ್ಡ. ಉದ್ದ ಇರೋದು ಕರೆಂಟಿಗೆ, ಗಿಡ್ಡ ಇರೋದು ಡೇಟಾಗೆ. ಹಾಕುವಾಗ ಕರೆಂಟ್ ಮೊದ್ಲು ಸಿಗುತ್ತೆ, ಕೀಳುವಾಗ ಡೇಟಾ ಮೊದ್ಲು ಬಿಟ್ಕೊಳ್ಳುತ್ತೆ. ಹಂಗಾಗಿ ಕಿತ್ರೆ ಶಾರ್ಟಾಗಿ ಸುಟ್ಟೋಗುತ್ತೆ ಅನ್ನೋ ಭಯ ಬೇಡ. ಪೋರ್ಟಿಗೇನೂ ಆಗಲ್ಲ. ಆಗೋದು ಬರೀತಾ ಇರೋ ಫೈಲಿಗೆ.

ಅದು ಹೆಂಗೆ ಅಂದ್ರೆ, ತಾತನ ಅಂಗಡಿ ನೆನಪಿದ್ಯಾ, ಸಂತೆ ದಿನ ಜನ ನುಗ್ತಾ ಇದ್ದಾಗ ತಾತ ಕಡದ ಪುಸ್ತಕ ತೆಗೀತಾನೇ ಇರ್ಲಿಲ್ಲ, ಯಾರು ಎಷ್ಟು ಸಾಮಾನು ತಗೊಂಡ್ರು ಅಂತ ಚೀಟೀಲಿ ಗೀಚಿ ತಕ್ಕಡಿ ಕೆಳಗೆ ಸಿಗ್ಸೋರು, ರಾತ್ರಿ ಬಾಗಿಲು ಹಾಕಿದ್ಮೇಲೆ ಕೂತ್ಕೊಂಡು ಪುಸ್ತಕಕ್ಕೆ ಏರ್ಸೋರು. ಕಂಪ್ಯೂಟರ್ ಮಾಡೋದೂ ಅದೇನೇ. ಪೆನ್ ಡ್ರೈವ್ ನಿಧಾನ, ಕಂಪ್ಯೂಟರ್ ಜೋರು, ಅದಕ್ಕೆ ಬರೀಬೇಕಾಗಿರೋದನ್ನ ಮೊದ್ಲು ತನ್ನ ತಾತ್ಕಾಲಿಕ ನೆನಪಾದ ರ‍್ಯಾಮಲ್ಲಿ ಇಟ್ಕೊಂಡು ಆಮೇಲೆ ಪುರುಸೊತ್ತಾದಾಗ ಪೆನ್ ಡ್ರೈವ್‌ಗೆ ಏರ್ಸುತ್ತೆ. ಸಂಜೆ ಐದು ಗಂಟೆಗೆ ಯಾರೋ ಬಂದು ಪುಸ್ತಕ ಎತ್ಕೊಂಡೋದ್ರೆ ಚೀಟಿ ತಕ್ಕಡಿ ಕೆಳಗೇ ಉಳೀತು ಅಲ್ವಾ. ಎಜೆಕ್ಟ್ ಒತ್ತೋದು ಅಂದ್ರೆ, ಯಪ್ಪಾ ಇರೋ ಚೀಟೀನೆಲ್ಲ ಈಗ್ಲೇ ಏರಿಸ್ಬಿಡು, ಪುಸ್ತಕ ಮುಚ್ಚು, ನಾನು ತಗೊಂಡು ಹೋಗ್ತೀನಿ ಅಂತ ಹೇಳೋದು ಅಷ್ಟೇ.

ಇನ್ನೊಂದು ವಿಷಯ ಏನಂದ್ರೆ ಪೆನ್ ಡ್ರೈವಲ್ಲಿ ಫೈಲ್ ಒಂದೇ ಇರಲ್ಲ, ಯಾವ ಫೈಲು ಎಲ್ಲೆಲ್ಲಿದೆ ಅನ್ನೋ ಒಂದು ಪಟ್ಟಿನೂ ಇರುತ್ತೆ. ಆ ಪಟ್ಟಿ ಅರ್ಧ ಬರೆದಿರೋವಾಗ ಕಿತ್ರೆ ವಿಡಿಯೋ ಒಳಗೇ ಇದ್ರೂ ಕಂಪ್ಯೂಟರಿಗೆ ದಾರಿ ಗೊತ್ತಾಗಲ್ಲ, ಖಾಲಿ ಅಂದ್ಕೊಂಡು ಫಾರ್ಮ್ಯಾಟ್ ಮಾಡ್ಲಾ ಅಂತ ಕೇಳುತ್ತೆ. ಆಮೇಲೆ ಪೆನ್ ಡ್ರೈವ್ ಒಳಗಿರೋ ಚಿಪ್ಪಲ್ಲಿ ಒಂದೊಂದು ಅಕ್ಷರ ಅಳಿಸೋಕಾಗಲ್ಲ, ಒಂದು ದೊಡ್ಡ ಬ್ಲಾಕನ್ನೇ ಒಟ್ಟಿಗೆ ಅಳಿಸಿ ಬರೀಬೇಕು, ಹಂಗಾಗಿ ಪಕ್ಕದಲ್ಲಿರೋ ಹಳೇ ಫೈಲನ್ನೂ ಆಚೆ ಈಚೆ ಸರಿಸ್ತಾ ಇರುತ್ತೆ. ಆ ಹೊತ್ತಿಗೆ ಕರೆಂಟ್ ಹೋದ್ರೆ ಹೊಸ ಫೈಲ್ ಜೊತೆ ಮುಟ್ಟದೇ ಇರೋ ಹಳೇ ಫೋಟೋನೂ ಹೋಗ್ಬಹುದು. ಅದಕ್ಕೇ ಹೊಸದು ತಾನೇ, ಹೋದ್ರೆ ಹೋಗ್ಲಿ ಇನ್ನೊಂದ್ಸಲ ಹಾಕ್ತೀನಿ ಅನ್ನಂಗಿಲ್ಲ.

ನಂಗೆ ಬುದ್ಧಿ ಬಂದಿದ್ದು ಹೆಂಗೆ ಅಂತಾನೂ ಹೇಳ್ಬಿಡ್ತೀನಿ, ನಗಬೇಡಿ. ಅಂಗಡಿ ಶುರು ಮಾಡಿದ ಹೊಸ್ತು, ಒಬ್ರು ಮಗಳ ಮದುವೆ ಲಗ್ನಪತ್ರಿಕೆ ಮಾಡಿಸೋಕೆ ಬಂದ್ರು. ಬೆಳಗ್ಗೆಯಿಂದ ಕೂತು ನುಡಿ ಸಾಫ್ಟ್‌ವೇರಲ್ಲಿ ಕನ್ನಡ ಟೈಪ್ ಮಾಡಿ ಕೋರೆಲಲ್ಲಿ ಡಿಸೈನ್ ಮಾಡಿ, ಆಗಮನಾಭಿಲಾಷಿಗಳು ಅಂತ ಅವರ ಕಡೆ ಹೆಸರೇ 40 ಮೇಲೆ, ಅದರಲ್ಲಿ ಯಾರ ಹೆಸರು ಯಾರ ಮೇಲೆ ಬರಬೇಕು ಅಂತ ಅಲ್ಲೇ ಅಣ್ಣತಮ್ಮಂದಿರಿಗೆ ಜಗಳ. ಕೊನೆಗೆ ಎಲ್ಲ ಆಯ್ತು, ಪೆನ್ ಡ್ರೈವ್‌ಗೆ ಹಾಕು ಪ್ರೆಸ್ಸಿಗೆ ಕೊಡ್ತೀವಿ, ಬಸ್ ನಿಂತಿದೆ ಬೇಗ ಅಂದ್ರು. ನಾನೋ ಅವರ ಪೆನ್ ಡ್ರೈವಲ್ಲೇ ಫೈಲ್ ಓಪನ್ ಮಾಡಿ ಅದ್ರಲ್ಲೇ ಕೆಲಸ ಮಾಡ್ತಿದ್ದೆ, ನನ್ನ ಕಂಪ್ಯೂಟರಲ್ಲಿ ಕಾಪಿನೇ ಇಲ್ಲ. ಸೇವ್ ಒತ್ತಿದೆ, ಪೆನ್ ಡ್ರೈವ್ ಲೈಟ್ ಇನ್ನೂ ಪಿಳಿಪಿಳಿ ಅಂತಿತ್ತು, ಕಿತ್ತು ಕೊಟ್ಟೆ. ಮಾರನೇ ದಿನ ಫೋನ್, ಪ್ರೆಸ್ಸಲ್ಲಿ ಓಪನ್ ಆಗ್ತಿಲ್ಲಂತೆ. ತರಿಸಿ ನೋಡ್ತೀನಿ, ಫೈಲ್ ಹೆಸರಿದೆ, ಸೈಜ್ 0 ಕೆಬಿ. 40 ಹೆಸರು ಮತ್ತೆ ಟೈಪ್ ಮಾಡ್ದೆ, ಆ ಜಗಳಾನೂ ಮತ್ತೆ ಮೊದ್ಲಿಂದ ಆಯ್ತು. ಅವತ್ತಿಂದ ಯಾರದೇ ಪೆನ್ ಡ್ರೈವ್ ಬಂದ್ರೂ ಮೊದ್ಲು ಡೆಸ್ಕ್‌ಟಾಪಿಗೆ ಕಾಪಿ, ಅಲ್ಲಿ ಕೆಲಸ, ಮುಗಿದ್ಮೇಲೆ ವಾಪಸ್ ಕಾಪಿ, ಎಜೆಕ್ಟ್, ಆಮೇಲೆ ಕೈಗೆ. ಬಸ್ ಹೋಗ್ಲಿ ಇನ್ನೊಂದು ಬರುತ್ತೆ.

ಮತ್ತೆ ಭಾವಂಗೆ 10 ವರ್ಷ ಯಾಕೆ ಏನೂ ಆಗಿಲ್ಲ? ಒಂದು, ಅವರು ಪೆನ್ ಡ್ರೈವ್ ಹಾಕೋದೇ ಕಾರಲ್ಲಿ ಹಾಡು ಕೇಳೋಕೆ, ಅಲ್ಲಿ ಓದೋದು ಮಾತ್ರ, ಬರಿಯೋದಿಲ್ಲ, ಕಿತ್ರೆ ತೊಂದ್ರೆ ಆಗೋದು ತೀರಾ ಕಮ್ಮಿ. ಎರಡು, ವಿಂಡೋಸ್ 10ರಲ್ಲಿ 1809 ಅಂತ ವರ್ಷನ್ ಬಂತು, 2018ರ ಅಕ್ಟೋಬರ್‌ದು, ಅವಾಗಿಂದ ಕ್ವಿಕ್ ರಿಮೂವಲ್ ಅನ್ನೋದೇ ಡಿಫಾಲ್ಟ್ (ನಾವೇನೂ ಬದಲಾಯಿಸದಿದ್ರೆ ಇರೋದು) ಅಂತ ಮೈಕ್ರೋಸಾಫ್ಟ್‌ನವರೇ ಹೇಳಿದಾರೆ, ಅಂದ್ರೆ ಚೀಟಿ ಇಟ್ಕೊಳ್ಳದೆ ಸೀದಾ ಪುಸ್ತಕಕ್ಕೇ ಬರಿಯೋ ಸೆಟ್ಟಿಂಗು. ಅದಕ್ಕೂ ಮುಂಚೆ ಬೆಟರ್ ಪರ್ಫಾರ್ಮೆನ್ಸ್, ಅಂದ್ರೆ ಚೀಟಿ ಇಟ್ಕೊಳ್ಳೋ ಸೆಟ್ಟಿಂಗು, ಡಿಫಾಲ್ಟ್ ಆಗಿತ್ತು. ಹಂಗಂತ ಈಗಿನ ಲ್ಯಾಪ್‌ಟಾಪಲ್ಲಿ ಕಾಪಿ ನಡೀತಾ ಇರೋವಾಗ ಕಿತ್ರೂ ನಡಿಯುತ್ತೆ ಅಂತಲ್ಲ, ಬರೆದು ಮುಗಿದಿದ್ರೆ ಮಾತ್ರ. ಮುಗೀತಾ ಇಲ್ವಾ ಅಂತ ನಮ್ಮ ಕಣ್ಣಿಗೆ ಕಾಣಲ್ಲ, ಯಾವ ಕಂಪ್ಯೂಟರಲ್ಲಿ ಯಾವ ಸೆಟ್ಟಿಂಗ್ ಇದೆ ಅಂತಾನೂ ಗೊತ್ತಿರಲ್ಲ. ಎಜೆಕ್ಟ್ ಒತ್ತೋಕೆ ಎರಡು ಸೆಕೆಂಡ್ ಸಾಕು ಭಾವ.

ಹೆಂಗೆ ಒತ್ತೋದು ಅಂದ್ರೆ ಚಿಕ್ಕಮ್ಮ, ಕೆಳಗೆ ಬಲಗಡೆ ಟೈಮ್ ತೋರ್ಸುತ್ತಲ್ಲ ಅದರ ಪಕ್ಕ ಮೇಲ್ಮುಖ ಒಂದು ಚಿಕ್ಕ ಬಾಣ ಇರುತ್ತೆ, ಅದನ್ನ ಒತ್ತಿದ್ರೆ ಪೆನ್ ಡ್ರೈವ್ ಥರದ್ದೇ ಪುಟಾಣಿ ಚಿತ್ರ ಬರುತ್ತೆ, ಅದರ ಮೇಲೆ ಒತ್ತಿ ನಿಮ್ಮ ಪೆನ್ ಡ್ರೈವ್ ಹೆಸರಿನ ಮುಂದೆ ಎಜೆಕ್ಟ್ ಅಂತಿರೋದನ್ನ ಒತ್ತೋದು. ಇಲ್ಲಾಂದ್ರೆ ದಿಸ್ ಪಿಸಿ ಒಳಗೆ ಪೆನ್ ಡ್ರೈವ್ ಮೇಲೆ ರೈಟ್ ಕ್ಲಿಕ್ ಮಾಡಿ ಎಜೆಕ್ಟ್. ಸೇಫ್ ಟು ರಿಮೂವ್ ಅಂತ ಬಂದ್ರೆ ತೆಗೀರಿ, ನೇರಕ್ಕೆ ಎಳೀರಿ, ಬೀಗದ ಕೈ ಗೊಂಚಲು ಹಿಡ್ಕೊಂಡು ಓರೆಯಾಗಿ ಎಳೀಬೇಡಿ. ಕೆಲವು ಸಲ ಡಿವೈಸ್ ಈಸ್ ಕರೆಂಟ್ಲಿ ಇನ್ ಯೂಸ್ ಅಂತ ಹಠ ಮಾಡುತ್ತೆ, ಅಂದ್ರೆ ಯಾವುದೋ ಫೈಲ್ ಇನ್ನೂ ತೆರೆದಿದೆ, ವರ್ಡೋ ಫೋಟೋನೋ, ಇಲ್ಲಾ ಆಂಟಿವೈರಸ್ ಅದನ್ನ ಹುಡುಕ್ತಾ ಕೂತಿದೆ. ಎಲ್ಲ ಮುಚ್ಚಿ ಒಂದು ನಿಮಿಷ ಬಿಟ್ಟು ಮತ್ತೆ ಒತ್ತಿ. ಅದಕ್ಕೂ ಬಗ್ಗಲಿಲ್ಲ ಅಂದ್ರೆ ಕಂಪ್ಯೂಟರ್ ಶಟ್‌ಡೌನ್ ಮಾಡಿ, ಪೂರ್ತಿ ಆಫ್ ಆದ್ಮೇಲೆ ತೆಗೀರಿ. ಲ್ಯಾಪ್‌ಟಾಪ್ ಮುಚ್ಚಳ ಮುಚ್ಚಿದ್ರೆ ಆಫ್ ಆಯ್ತು ಅಂತ ತಿಳ್ಕೊಳ್ಳೋದೊಂದಿದೆ, ಅದು ನಿದ್ದೆ ಮಾಡ್ತಿರುತ್ತೆ ಅಷ್ಟೇ, ಎದ್ದಾಗ ಪೆನ್ ಡ್ರೈವ್ ಇನ್ನೂ ಅಲ್ಲೇ ಇದೆ ಅಂದ್ಕೊಂಡಿರುತ್ತೆ.

ದೊಡ್ಡಪ್ಪ ಹಳೇ ಫೋಟೋ ಎಲ್ಲ ಇಟ್ಟಿರೋ ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್ ವಿಷಯಕ್ಕಂತೂ ದಯವಿಟ್ಟು ಭಾವನ ಮಾತು ಕೇಳ್ಬೇಡಿ. ಅದರೊಳಗೆ ತಟ್ಟೆ ತಿರುಗ್ತಾ ಇರುತ್ತೆ, ಸಾಮಾನ್ಯವಾಗಿ ನಿಮಿಷಕ್ಕೆ 5400 ಸುತ್ತು, ಅದರ ಮೇಲೆ ಓದೋ ಮುಳ್ಳು ತಟ್ಟೆಗೆ ತಾಗದಂಗೆ ಕೂದಲಿಗಿಂತ ಎಷ್ಟೋ ಕಮ್ಮಿ ಎತ್ತರದಲ್ಲಿ ತೇಲ್ತಾ ಇರುತ್ತೆ. ಸೀದಾ ಕಿತ್ರೆ ಟಕ್ ಅಂತ ಸದ್ದು ಬರುತ್ತೆ ನೋಡಿ, ಅದು ಮುಳ್ಳು ಗಾಬರಿಯಲ್ಲಿ ಓಡಿ ಮೂಲೆ ಸೇರೋ ಸದ್ದು. ಒಂದೆರಡು ಸಲ ತಡ್ಕೊಳ್ಳುತ್ತೆ, ಅದನ್ನೇ ಅಭ್ಯಾಸ ಮಾಡ್ಕೊಂಡ್ರೆ ಸವೆಯುತ್ತೆ. ಎಜೆಕ್ಟ್ ಮಾಡಿ, ಕೇಬಲ್ ತೆಗೆದು, ಹತ್ತು ಸೆಕೆಂಡ್ ಬಿಟ್ಟು ಆಮೇಲೆ ಕೈಗೆತ್ಕೊಳ್ಳಿ.

ಅಮೆರಿಕದಲ್ಲಿರೋ ಅಣ್ಣನ ಮ್ಯಾಕಲ್ಲಿ ಕಿತ್ರೆ ಅದೇ ಬೈಯುತ್ತೆ, ಡಿಸ್ಕ್ ನಾಟ್ ಎಜೆಕ್ಟೆಡ್ ಪ್ರಾಪರ್ಲಿ ಅಂತ, ಅವನಿಗೆ ನಾನು ಹೇಳೋದೇನಿಲ್ಲ. ಪುಟ್ಟಿ ಕಾಲೇಜಲ್ಲಿ ವಿಂಡೋಸ್ ಬದಲು ಉಬುಂಟು ಇದ್ಯಂತಲ್ಲ, ಪುಟ್ಟಿ ಇದು ನಿಂಗೆ, ಅಲ್ಲಿ ಚೀಟಿ ಇಟ್ಕೊಳ್ಳೋ ಅಭ್ಯಾಸ ಇನ್ನೂ ಜಾಸ್ತಿ, ಕಾಪಿ ಮುಗೀತು ಅಂತ ತೋರ್ಸಿದ್ರೂ ನೂರಾರು ಎಂಬಿ ರ‍್ಯಾಮಲ್ಲೇ ಕೂತಿರುತ್ತೆ, ಎಜೆಕ್ಟ್ ಒತ್ತಿದ್ಮೇಲೆ ಇನ್ನೂ ಬರೀತಾ ಇದೀನಿ ಕೀಳ್ಬೇಡ ಅಂತ ಹೇಳುತ್ತೆ, ಮುಗಿಯೋವರೆಗೂ ಕಾಯ್ತಿರು. ಫೋನ್‌ಗೆ ಓಟಿಜಿ (ಪೆನ್ ಡ್ರೈವ್ ಸಿಗಿಸೋ ಪುಟ್ಟ ವೈರು) ಹಾಕಿದ್ರೂ ಸೆಟ್ಟಿಂಗಲ್ಲಿ ಸ್ಟೋರೇಜಲ್ಲಿ ಎಜೆಕ್ಟ್ ಇರುತ್ತೆ.

ಈಗ ಚಿಕ್ಕಮ್ಮ ನಿಮ್ಮ ವಿಷಯ. ವಿಡಿಯೋದ ಸುಮಾರು ಭಾಗ ಒಳಗೇ ಇರೋ ಚಾನ್ಸ್ ಇದೆ, ಪಟ್ಟಿ ಕೆಟ್ಟಿರೋದು. ಫಾರ್ಮ್ಯಾಟ್ ಮಾಡಿದ್ರೆ ಹೊಸ ಖಾಲಿ ಪಟ್ಟಿ ಬರುತ್ತೆ, ಅದರ ಮೇಲೆ ಬೇರೆ ಏನಾದ್ರೂ ಹಾಕಿದ್ರೆ ಮುಗೀತು ಕಥೆ. ಫೋಟೋರೆಕ್ ಅಂತ ಫ್ರೀ ಸಾಫ್ಟ್‌ವೇರ್ ಇದೆ, ಅದು ಪಟ್ಟಿ ಕೇಳದೇನೇ ಸೀದಾ ಒಳಗೆ ತಡಕಾಡಿ ಫೈಲ್ ಎತ್ತುತ್ತೆ, ಹೆಸರು ಮಾತ್ರ ಉಳಿಯಲ್ಲ. ದೊಡ್ಡ ವಿಡಿಯೋ ಚೂರುಚೂರಾಗಿ ಕೂತಿದ್ರೆ ಪೂರ್ತಿ ಸಿಗುತ್ತೆ ಅಂತ ಮಾತು ಕೊಡೋಕಾಗಲ್ಲ. ಭಾನುವಾರ ಅಂಗಡಿ ರಜ, ಪೆನ್ ಡ್ರೈವ್ ಮತ್ತೆ ಆ ಲ್ಯಾಪ್‌ಟಾಪ್ ಎರಡೂ ತಗೊಂಡ್ಬನ್ನಿ, ಲ್ಯಾಪ್‌ಟಾಪನ್ನ ಅಲ್ಲೀವರೆಗೂ ಆನ್ ಮಾಡ್ಲೇಬೇಡಿ, ಕಟ್ ಮಾಡಿರೋದು ರೀಸೈಕಲ್ ಬಿನ್ನಿಗೆ ಹೋಗಿರಲ್ಲ ಆದ್ರೂ ನೋಡ್ತೀನಿ. ಇನ್ಮೇಲೆ ಕಟ್ ಬೇಡ, ಕಾಪಿ ಮಾಡಿ, ಟೀವೀಲಿ ಓಡಿದ್ಮೇಲೆ ಬೇಕಾದ್ರೆ ಲ್ಯಾಪ್‌ಟಾಪಿಂದ ಅಳಿಸಿ.

ಅದೆಲ್ಲಕ್ಕಿಂತ ಮೊದ್ಲು ಈಗ್ಲೇ ಆ ವಿಡಿಯೋ ತೆಗೆದ ಹುಡುಗನಿಗೆ ಫೋನ್ ಮಾಡಿ. ನಾಮಕರಣ ಆಗಿ ಇನ್ನೂ ತಿಂಗಳಾಗಿಲ್ಲ, ಅವನ ಕಂಪ್ಯೂಟರಲ್ಲಿ ಇದ್ರೂ ಇರುತ್ತೆ, ಮುಂದಿನ ಫಂಕ್ಷನ್ನಿಗೆ ಜಾಗ ಬೇಕು ಅಂತ ಅಳಿಸೋಕೆ ಮುಂಚೆ ಕೇಳ್ಬಿಡಿ. ನಂಬರ್ ಅತ್ತಿಗೆ ಹತ್ರ ಇದೆ, ಅತ್ತಿಗೆ ನೋಡಿದ ತಕ್ಷಣ ಚಿಕ್ಕಮ್ಮಂಗೆ ಕಳ್ಸಿ. ಸರಿ ಇಡ್ತೀನಿ, ಯಾರೋ ಆಧಾರ್ ಜೆರಾಕ್ಸ್ ಅಂತ ನಿಂತಿದಾರೆ.