ಹೈಡ್ರೋಜನ್ ಗೆರೆ ಮೂರು ತಿಂಗಳಲ್ಲಿ 180 ಕಿಲೋಹರ್ಟ್ಸ್ ಕೆಳಗೆ ಜಾರೈತಿ, ನಕ್ಷೆ ತುಂಬ ಪಟ್ಟೆ ಬಂದಾವು. ತಪ್ಪು ಎಲ್ಲಿ?

ಹಳೇಡಿಶ್_ದಾವಣಗೆರೆ:

ಎಲ್ಲರಿಗೂ ನಮಸ್ಕಾರ. ಪ್ರಶ್ನೆ ಎರಡೇ. ಆದರೆ ನನ್ನ ಹತ್ರ ಇರೋ ಸಾಮಾನು ಏನೇನು ಅಂತ ಮೊದಲು ಹೇಳದಿದ್ದರೆ ಉತ್ತರ ಕೊಡೋರಿಗೆ ಕಷ್ಟ ಆಗ್ತೈತಿ.

ನಾನು ಇಪ್ಪತ್ತು ವರ್ಷ ಕೇಬಲ್ ಟೀವಿ ನಡೆಸಿದವನು. ಮಂಡಕ್ಕಿ ಭಟ್ಟಿ ಕಡೆ ಮನೆ. ಕನೆಕ್ಷನ್ ಎಲ್ಲಾ ಒಂದೊಂದಾಗಿ ಹೋದ ಮೇಲೆ ಮಾಳಿಗೆ ಮೇಲೆ ಎಂಟಡಿ ಜಾಲರಿ ಡಿಶ್ ಒಂದು ಉಳಿದಿತ್ತು. ಗುಜರಿಯವರು ಮೂರು ಸಲ ಬಂದು ಕೇಳಿದರು, ಕೊಡೋಕೆ ಮನಸ್ಸು ಬರಲಿಲ್ಲ. ನನ್ನ ತಮ್ಮನ ಮಗಳು ಬಿಎಸ್ಸಿ ಓದ್ತಾಳೆ. ಒಂದಿನ ಬಟ್ಟೆ ಒಣಗಿಸೋಕೆ ಮೇಲೆ ಬಂದವಳು ಡಿಶ್ ನೋಡಿ, "ದೊಡ್ಡಪ್ಪ, ಇದರಾಗ ಆಕಾಶಗಂಗೆಯ ಹೈಡ್ರೋಜನ್ ಹಿಡೀಬಹುದು" ಅಂದಳು. ಹೈಡ್ರೋಜನ್ ಪರಮಾಣು ಒಂಟಿಯಾಗಿ ಬಿದ್ದಿದ್ದರೆ ಸರಾಸರಿ 1.1 ಕೋಟಿ ವರ್ಷಕ್ಕೊಂದು ಸಲ ತಂತಾನೇ ಅದರ ಎಲೆಕ್ಟ್ರಾನಿನ ಗಿರಕಿ ಮಗುಚಿಕೊಳ್ತೈತಂತೆ. ಆಗ 1420.406 ಮೆಗಾಹರ್ಟ್ಸ್‌ನಾಗ ಒಂದು ಸಣ್ಣ ಅಲೆ ಬಿಡ್ತೈತಿ, ಉದ್ದ 21 ಸೆಂ.ಮೀ. ಒಂದು ಪರಮಾಣು ಅಷ್ಟು ಸೋಮಾರಿಯಾದರೂ ಆಕಾಶದಲ್ಲಿ ಇರೋ ಲೆಕ್ಕಕ್ಕೆ ನಮ್ಮ ಡಿಶ್‌ಗೆ ಸಾಕಾಗುವಷ್ಟು ಬರ್ತೈತಿ ಅಂದಳು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಇಪ್ಪತ್ತು ವರ್ಷ ಆ ಡಿಶ್ ಕೆಳಗೇ ನಿಂತು ಉಪಗ್ರಹ ಹುಡುಕಿದವನು ನಾನು.

ಡಿಶ್ ಕೂಡಿಸಿಕೊಟ್ಟ ಅಲೆ ಹಿಡಿಯೋ ಹಳೇ ಫೀಡ್‌ನ ಬಾಯಿ ಇದಕ್ಕೆ ಸಣ್ಣದು. ತಗಡಿನ ಕೆಲಸದವರ ಹತ್ರ 15 ಸೆಂ.ಮೀ. ಅಗಲದ ದುಂಡನೆ ಡಬ್ಬಿ ಮಾಡಿಸಿದೆ. ಒಳಗೆ 5.2 ಸೆಂ.ಮೀ. ತಾಮ್ರದ ತಂತಿ, ಮುಚ್ಚಿದ ತಳದಿಂದ 9.3 ಸೆಂ.ಮೀ. ದೂರ. ಡಬ್ಬಿ ಬೆನ್ನಿಗೇ 1420ರ ಫಿಲ್ಟರ್ ಇರೋ ಆಂಪ್ಲಿಫೈಯರ್, ಅಲ್ಲಿಂದ ಮನೇಲೇ ಇದ್ದ ಆರ್‌ಜಿ-6 ಕೇಬಲ್, ಕೊನೆಗೆ 1 ಪಿಪಿಎಂ (ಹತ್ತು ಲಕ್ಷಕ್ಕೆ ಒಂದು ಪಾಲು ತಪ್ಪೋ) ಹರಳಿನ ಆರ್‌ಟಿಎಲ್-ಎಸ್‌ಡಿಆರ್ ಡಾಂಗಲ್, ಅಂದರೆ ಕಂಪ್ಯೂಟರಿಗೆ ಚುಚ್ಚೋ ಸಣ್ಣ ರೇಡಿಯೋ. ಡಿಶ್ ಪೂರ್ವ-ಪಶ್ಚಿಮ ಅಲ್ಲಾಡಲ್ಲ, ಉತ್ತರ-ದಕ್ಷಿಣ ಮಾತ್ರ ಬಗ್ಗಿಸ್ತೀನಿ. ಭೂಮಿ ತಿರುಗಿದಂಗೆ ಆಕಾಶ ತಾನೇ ಮೇಲೆ ಹಾದು ಹೋಗ್ತೈತಿ, ಐದೈದು ನಿಮಿಷದ ಸರಾಸರಿ ಬರೆದಿಡ್ತೀವಿ. ದಿನಕ್ಕೊಂದು ಪಟ್ಟೆ. ಭೂಮಧ್ಯರೇಖೆಯ ನೇರ ಮೇಲಿನ ಆಕಾಶ ಸೊನ್ನೆ ಅಂತಿಟ್ಟರೆ, ದಕ್ಷಿಣಕ್ಕೆ ಮೈನಸ್ 10 ಡಿಗ್ರಿಯಿಂದ ಉತ್ತರಕ್ಕೆ 35 ಡಿಗ್ರಿ ತನಕ ಐದೈದು ಡಿಗ್ರಿಗೆ ಹತ್ತು ಪಟ್ಟೆ ಆಗ್ಯಾವು.

ಮೊದಲನೇದು: ನೆತ್ತಿ ಮೇಲಿನ ಪಟ್ಟೆಯನ್ನ ಎರಡು ಸಲ ತೆಗೆದೆ. ಅಕ್ಟೋಬರ್ 15ರ ಬೆಳಗಿನ ಜಾವ ಐದಕ್ಕೆ ಆರ್ದ್ರಾ ನಕ್ಷತ್ರದ ಸ್ವಲ್ಪ ಉತ್ತರಕ್ಕೆ ಗ್ರಾಫಿನಾಗ ಚೂಪಾದ ಗುಡ್ಡ ಸಿಕ್ತು, 1420.44 ಮೆಗಾಹರ್ಟ್ಸ್. ಸಂಕ್ರಾಂತಿ ದಿನ ರಾತ್ರಿ ಹನ್ನೊಂದಕ್ಕೆ ಅದೇ ಜಾಗ, ಅದೇ ಆಕಾರದ ಗುಡ್ಡ, ಆದರೆ 1420.26. ಎಳ್ಳು-ಬೆಲ್ಲದ ತಟ್ಟೆ ಪಕ್ಕಕ್ಕಿಟ್ಟು ಮೂರು ಸಲ ನೋಡಿದೆ. ಹರಳು ಕೆಟ್ಟಿರಬೇಕು ಅಂತ ಹೊಸ ಡಾಂಗಲ್ ತರಿಸಿದೆ, ಅದೂ 1420.26 ಅಂತೈತಿ.

ಎರಡನೇದು: ಪಟ್ಟೆಗಳನ್ನ ಜೋಡಿಸಿದರೆ ನಕ್ಷೆ ಕೌದಿ ಹೊಲಿದಂಗೆ ಕಾಣ್ತೈತಿ. ಒಂದು ಪಟ್ಟೆ ಬೆಳ್ಳಗೆ, ಪಕ್ಕದ್ದು ಮಂಕು. ಗೊತ್ತಿದ್ದೋರು ದಯವಿಟ್ಟು ದಾರಿ ತೋರಿಸ್ರಿ.

ಜೋಗಿಮಟ್ಟಿ:

ಅಣ್ಣಾ, ಹೊಸ ಡಾಂಗಲ್‌ಗೆ ಕೊಟ್ಟ ದುಡ್ಡು ನೆನೆದು ಬೇಜಾರಾಯಿತು, ಆದರೆ ನಿಮ್ಮ ಹಳೆಯದರಲ್ಲಿ ಏನೂ ತಪ್ಪಿಲ್ಲ. ನಾನು ಚಿತ್ರದುರ್ಗದವಳು, ರೇಡಿಯೋ ಖಗೋಳವೇ ನನ್ನ ಪಿಎಚ್.ಡಿ. ವಿಷಯ. ನಿಮ್ಮ ಅಂಕಿ ಓದಿ ಕಾಗದ ತಗೊಂಡು ಕೂತೆ.

1 ಪಿಪಿಎಂ ಹರಳು ಈ ಕಂಪನಾಂಕದಲ್ಲಿ ತಪ್ಪಿದರೆ 1.4 ಕಿಲೋಹರ್ಟ್ಸ್ ತಪ್ಪಬಹುದು. ನೀವು ಹೇಳುತ್ತಿರುವುದು ಅದರ ನೂರು ಪಟ್ಟಿಗಿಂತ ಹೆಚ್ಚು. ಜಾರಿದ್ದು ಹರಳಲ್ಲ, ನೀವು ನಿಂತಿರುವ ನೆಲ. ಭೂಮಿ ಸೂರ್ಯನ ಸುತ್ತ ಸೆಕೆಂಡಿಗೆ ಸುಮಾರು 30 ಕಿ.ಮೀ. ವೇಗದಲ್ಲಿ ಓಡುತ್ತದೆ. ಬೆಳಗಿನ ಜಾವ ಆರರ ಸುಮಾರಿಗೆ ನೆತ್ತಿಯ ಮೇಲೆ ಏನಿದೆಯೋ ಅತ್ತ ಕಡೆಗೇ ನಾವು ಹೋಗುತ್ತಿರುತ್ತೇವೆ. ಸಂಜೆ ಆರಕ್ಕೆ ನೆತ್ತಿಯ ಮೇಲಿರುವುದರಿಂದ ದೂರ ಸರಿಯುತ್ತಿರುತ್ತೇವೆ. ಹತ್ತಿರ ಹೋಗುವಾಗ ಅಲೆಯ ಕಂಪನಾಂಕ ಏರಿದಂತೆ, ದೂರ ಸರಿಯುವಾಗ ಇಳಿದಂತೆ ಕಾಣುತ್ತದೆ. ಅಕ್ಟೋಬರ್‌ನಲ್ಲಿ ನಿಮ್ಮ ಗುಡ್ಡ ಬೆಳಗಿನ ಜಾವ ಐದಕ್ಕೆ ಬಂತು, ಅಂದರೆ ಭೂಮಿ ಅದರತ್ತ ಸೆಕೆಂಡಿಗೆ 28 ಕಿ.ಮೀ. ಧಾವಿಸುತ್ತಿತ್ತು. ಸಂಕ್ರಾಂತಿಯಲ್ಲಿ ಅದರಿಂದ 11 ಕಿ.ಮೀ. ವೇಗದಲ್ಲಿ ದೂರ ಹೋಗುತ್ತಿತ್ತು. ಒಟ್ಟು ವ್ಯತ್ಯಾಸ 39. ಈ ಗೆರೆಗೆ ಸೆಕೆಂಡಿಗೆ ಒಂದು ಕಿ.ಮೀ. ಅಂದರೆ 4.74 ಕಿಲೋಹರ್ಟ್ಸ್. ಗುಣಿಸಿ ನೋಡಿ, 185 ಬರುತ್ತದೆ. ನಿಮ್ಮ ಅಳತೆ 180!

ನನ್ನ ಮಾತು ನಂಬಬೇಡಿ, ನಿಮ್ಮ ಫೈಲನ್ನೇ ಕೇಳಿ. ಅದೇ ಪಟ್ಟೆ ಆಕಾಶಗಂಗೆಯನ್ನು ದಿನಕ್ಕೆ ಎರಡು ಸಲ ದಾಟುತ್ತದೆ. ಇನ್ನೊಂದು ದಾಟು ಶ್ರವಣ ನಕ್ಷತ್ರದ ವಾಯವ್ಯಕ್ಕೆ, ಅಕ್ಟೋಬರ್‌ನಲ್ಲಿ ಸಂಜೆ ಆರೂಕಾಲಿಗೆ, ಸಂಕ್ರಾಂತಿಯಲ್ಲಿ ಮಧ್ಯಾಹ್ನ ಹನ್ನೆರಡೂಕಾಲಿಗೆ ಆಗಿರುತ್ತದೆ. ಹರಳು ಕೆಟ್ಟಿದ್ದರೆ ಅದೂ ಕೆಳಗೇ ಜಾರಿರಬೇಕು. ಭೂಮಿಯ ಓಟವಾದರೆ ಅದು ಮೇಲಕ್ಕೆ ಹೋಗಿರಬೇಕು, ನೂರು ಕಿಲೋಹರ್ಟ್ಸ್‌ಗಿಂತ ತುಸು ಹೆಚ್ಚು. ನೋಡಿ ಹೇಳಿ. ಪಟ್ಟೆಗಳ ವಿಷಯಕ್ಕೆ ಆಮೇಲೆ ಬರುತ್ತೇನೆ.

ಚಳ್ಳಕೆರೆ_ಮೇಷ್ಟ್ರು:

ನಮ್ಮ ಹೈಸ್ಕೂಲ್ ಮಕ್ಕಳ ಜೊತೆ ನಾನೂ ಒಂದು ಪ್ರಯತ್ನದಲ್ಲಿದ್ದೇನೆ. 1951ರ ಮಾರ್ಚ್ 25ರಂದು ಹಾರ್ವರ್ಡ್‌ನಲ್ಲಿ ಈವೆನ್ ಮತ್ತು ಪರ್ಸೆಲ್ ಈ ಗೆರೆಯನ್ನು ಮೊದಲು ಹಿಡಿದದ್ದು ಪ್ಲೈವುಡ್‌ಗೆ ತಾಮ್ರದ ಹಾಳೆ ಹೊದಿಸಿದ ಕೊಂಬಿನಿಂದ, ಅದನ್ನು ಪ್ರಯೋಗಾಲಯದ ಕಿಟಕಿಗೆ ಕೂರಿಸಿದ್ದರು ಎಂದು ಹೇಳಿದಾಗಿನಿಂದ ಮಕ್ಕಳು ಬಿಡುತ್ತಿಲ್ಲ. ಗೆರೆ ಇದ್ದೀತು ಎಂದು ಡಚ್ ವಿದ್ಯಾರ್ಥಿ ಫಾನ್ ಡೆ ಹುಲ್ಸ್ಟ್ 1944ರಲ್ಲೇ, ಯುದ್ಧದ ನಡುವೆ, ಲೆಕ್ಕ ಹಾಕಿದ್ದ ಎಂಬುದೂ ಅವರಿಗೆ ಬಾಯಿಪಾಠ. ನಾವು 15 ಕೆ.ಜಿ. ಎಣ್ಣೆ ಡಬ್ಬಕ್ಕೆ ರಟ್ಟು, ಅಲ್ಯೂಮಿನಿಯಂ ಹಾಳೆಯ ಕೊಂಬು ಕಟ್ಟಿದ್ದೇವೆ. ಏನೂ ಕಾಣುತ್ತಿಲ್ಲ. ದಾವಣಗೆರೆಯವರೇ, ನೀವು ದುಂಡು ಡಬ್ಬಿಗೆ ಹೋದದ್ದು ಯಾಕೆ?

ಹಳೇಡಿಶ್_ದಾವಣಗೆರೆ:

ಮೇಷ್ಟ್ರೇ, ನಾನೂ ಮೊದಲು ಎಣ್ಣೆ ಡಬ್ಬದಾಗೇ ಹದಿನೈದು ದಿನ ಕಳೆದೆ. ಅದರ ಬದಿ 23 ಸೆಂ.ಮೀ. ಮೇಲೈತಿ. ಬದಿ ಅಲೆಯ ಉದ್ದಕ್ಕಿಂತ, ಅಂದರೆ 21 ಸೆಂ.ಮೀ.ಗಿಂತ ದೊಡ್ಡದಾದರೆ ಒಳಗೆ ಅಲೆ ಒಂದೇ ರೀತಿ ಹರಿಯಲ್ಲ, ಬೇರೆ ಬೇರೆ ಥರ ಹರಿದು ತಂತಿಗೆ ಸಿಗೋದು ಎಲ್ಲೋ ಚದುರಿ ಹೋಗ್ತೈತಿ. ದುಂಡು ಡಬ್ಬಿ ಆದರೆ 12.5 ಸೆಂ.ಮೀ.ಗಿಂತ ಸಣ್ಣದಾಗಬಾರದು, ಅಲೆ ಒಳಗೇ ಬರಲ್ಲ, 16 ದಾಟಬಾರದು. 15 ಸರಿ ಹೋಗ್ತೈತಿ. ಜೋಡು ಬಿಟ್ಟಿರಬಾರದು, ಬೆಸುಗೆ ಸುತ್ತ ಪೂರ್ತಿ ಹಾಕಿಸ್ರಿ.

ಇನ್ನೊಂದು. ಡಿಟಿಎಚ್ ಡಿಶ್‌ನಿಂದ ಮನೆಯೊಳಗೆ ಬರೋ ಕೇಬಲ್‌ನಾಗ 950ರಿಂದ 2150 ಮೆಗಾಹರ್ಟ್ಸ್ ಓಡ್ತಿರ್ತೈತಿ. ನಮ್ಮ 1420 ಅದರ ನಡುವೆ! ಆಕಾಶದಲ್ಲಿ 1400ರಿಂದ 1427 ಯಾರೂ ಬಳಸಂಗಿಲ್ಲ, ಆದರೆ ಪಕ್ಕದ ಮನೆ ಕನೆಕ್ಟರ್ ಸಡಿಲ ಇದ್ದರೆ ಸೋರ್ತೈತಿ. ನನಗೆ ಸಂಜೆ ಏಳರಿಂದ ಹತ್ತರ ತನಕ ಸೂಜಿಯಂಥ ಗೆರೆಗಳು ಬರ್ತಿದ್ದವು. ಸೀರಿಯಲ್ ಟೈಮು ಅಂತ ಹೊಳೆದ ಕೂಡಲೇ ಕ್ರಿಂಪರ್ ತಗೊಂಡು ಆಚೆ ಮನೆಗೆ ಹೋಗಿ ಎರಡು ಕನೆಕ್ಟರ್ ಬದಲಿಸಿಕೊಟ್ಟು ಬಂದೆ. ಅವತ್ತೇ ನಿಂತವು.

ಜೋಗಿಮಟ್ಟಿಯವರೇ, ನೀವು ಹೇಳಿದ್ದನ್ನ ಮಗಳು ಬಂದ ಮೇಲೆ ಕೂತು ನೋಡ್ತೀನಿ. ಕೈ ನಡುಗ್ತೈತಿ ಈಗಲೇ.

ಬೆಣ್ಣೆನಗರಿ:

ತಿಳಿಯದೆ ಕೇಳುತ್ತಿದ್ದೇನೆ, ಬೇಸರ ಮಾಡಿಕೊಳ್ಳಬೇಡಿ. ಖೊಡದ್‌ನ ರೇಡಿಯೋ ದೂರದರ್ಶಕದಲ್ಲಿ 45 ಮೀಟರಿನ 30 ಡಿಶ್‌ಗಳಿವೆಯಲ್ಲ, ಪಿ.ಬಿ. ರೋಡ್ ಹಿಡಿದು ಪುಣೆ ದಾಟಿದರೆ ಸಿಗುತ್ತವೆ. ಅವರು ಈ ನಕ್ಷೆ ಬಿಡಿಸಿಲ್ಲವೇ?

ಜೋಗಿಮಟ್ಟಿ:

ಒಳ್ಳೆಯ ಪ್ರಶ್ನೆ. ದೂರದೂರ ಇಟ್ಟ ಡಿಶ್‌ಗಳನ್ನು ಜೋಡಿಸಿದ ದೂರದರ್ಶಕ ಸಣ್ಣ ವಿವರಕ್ಕೆ ಸೂಕ್ಷ್ಮ. ಇಡೀ ಆಕಾಶಕ್ಕೆ ಹರಡಿದ ಮಂಜಿನಂಥ ಅನಿಲ ಅದಕ್ಕೆ ಕಾಣುವುದೇ ಇಲ್ಲ. ದೊಡ್ಡ ನಕ್ಷೆಗೆ ಒಂಟಿ ಡಿಶ್ಶೇ ಬೇಕು. 2016ರಲ್ಲಿ ಬಂದ ಎಚ್‌ಐ4ಪಿಐ ನಕ್ಷೆ ಜರ್ಮನಿಯ ಎಫೆಲ್ಸ್‌ಬರ್ಗ್‌ನ 100 ಮೀಟರ್ ಡಿಶ್ ಉತ್ತರಾರ್ಧವನ್ನೂ ಆಸ್ಟ್ರೇಲಿಯಾದ ಪಾರ್ಕ್ಸ್‌ನ 64 ಮೀಟರ್ ಡಿಶ್ ದಕ್ಷಿಣಾರ್ಧವನ್ನೂ ನೋಡಿ ಹೊಲಿದದ್ದು. ಚಂದ್ರನ ಅರ್ಧದಷ್ಟು ಅಗಲದ ವಿವರವೂ ಅದರಲ್ಲಿ ಕಾಣುತ್ತದೆ, ಮತ್ತು ಅದು ಎಲ್ಲರಿಗೂ ಪುಕ್ಕಟೆ ಸಿಗುತ್ತದೆ.

ಅಣ್ಣನ ಪಟ್ಟೆಗಳಿಗೆ ಮದ್ದು ಇರುವುದೂ ಅಲ್ಲೇ. ಅಣ್ಣಾ, ಗುಡ್ಡದ ಕೆಳಗಿನ ತಳಗೆರೆಯನ್ನು ನೀವು ಬರೀ ಕಳೆಯುತ್ತಿದ್ದೀರಿ ಅಂತ ನನ್ನ ಅನುಮಾನ. ಕಳೆಯುವ ಮೊದಲು ಅದರಿಂದ ಭಾಗಿಸಿ. ಬಿಸಿಲಿಗೆ ಆಂಪ್ಲಿಫೈಯರ್ ಕಾದರೆ ಅದರ ಬಲ ಕುಗ್ಗುತ್ತದೆ, ಗುಡ್ಡವೂ ತಳವೂ ಒಟ್ಟಿಗೇ ಕುಗ್ಗುತ್ತವೆ, ಭಾಗಿಸಿದರೆ ಆ ಏರುಪೇರು ಹೋಗುತ್ತದೆ. ಆಮೇಲೂ ಉಳಿಯುವುದು ಡಿಶ್ ಬಗ್ಗಿಸಿದಾಗ ಒಳಬರುವ ನೆಲದ ಬಿಸಿಯ ವ್ಯತ್ಯಾಸ. ಅದಕ್ಕೆ ಎಚ್‌ಐ4ಪಿಐ ನಕ್ಷೆಯನ್ನು ನಿಮ್ಮ ಡಿಶ್‌ನ 6 ಡಿಗ್ರಿ ದೃಷ್ಟಿಗೆ ಮಸುಕು ಮಾಡಿ, ಪ್ರತಿ ಪಟ್ಟೆಯನ್ನು ಅದಕ್ಕೆ ತೂಗಿ. ವಾರಕ್ಕೊಮ್ಮೆ ಎಸ್8 ಎಂಬ ಜಾಗವನ್ನೂ ನೋಡಿ. ಮಹಾವ್ಯಾಧನ ನಡುಪಟ್ಟಿಯ ಹತ್ತಿರವೇ ಇದೆ, ಎಲ್ಲರೂ ಅಳತೆಗಲ್ಲಾಗಿ ಬಳಸುತ್ತಾರೆ. ಮತ್ತೆ ಐದು ಡಿಗ್ರಿ ಹೆಜ್ಜೆ ದೊಡ್ಡದಾಯಿತು. 6 ಡಿಗ್ರಿ ದೃಷ್ಟಿಗೆ ಮೂರು ಡಿಗ್ರಿ ಹೆಜ್ಜೆ ಇಡಿ, ಇಲ್ಲದಿದ್ದರೆ ನಡುವಿನದು ತಪ್ಪಿಹೋಗುತ್ತದೆ.

ಹಳೇಡಿಶ್_ದಾವಣಗೆರೆ:

ನೋಡಿದ್ವಿ. ಮೇಲಕ್ಕೇ ಹೋಗೈತಿ! ಶ್ರವಣದ ಕಡೆಯ ದಾಟು ಅಕ್ಟೋಬರ್‌ಗಿಂತ ಜನವರಿಯಲ್ಲಿ ಸುಮಾರು 110 ಕಿಲೋಹರ್ಟ್ಸ್ ಮೇಲೈತಿ. ಅದು ಅಗಲವಾದ ಮೂರು ಗುಡ್ಡ ಕೂಡಿದ್ದು, ಹೋಲಿಸೋದು ಕಷ್ಟ ಅಂತ ನಾನು ಅದರ ಕಡೆ ಕಣ್ಣೇ ಹಾಯಿಸಿರಲಿಲ್ಲ. ಮಗಳು ಆಸ್ಟ್ರೋಪೈ ಅನ್ನೋ ಖಗೋಳ ಲೆಕ್ಕದ ತಂತ್ರಾಂಶ ಹಾಕಿ ಭೂಮಿಯ ಓಟ ತೆಗೆದಳು, ಸುತ್ತಲಿನ ನಕ್ಷತ್ರಗಳ ನಡುವೆ ಸೂರ್ಯ ತಾನೇ ಸೆಕೆಂಡಿಗೆ 20 ಕಿ.ಮೀ. ಓಡೋದನ್ನೂ ತೆಗೆದಳು. ಆರ್ದ್ರಾ ಕಡೆಯ ಎರಡು ಗುಡ್ಡ ಒಂದರ ಮೇಲೊಂದು ಕೂತವು, ಒಂದರ ವೇಗ ಸೆಕೆಂಡಿಗೆ 4 ಕಿ.ಮೀ., ಇನ್ನೊಂದರದು 5. ನಾನು ಮಾಳಿಗೆ ಮೇಲೆ ಹೋಗಿ ಸ್ವಲ್ಪ ಹೊತ್ತು ಸುಮ್ಮನೆ ನಿಂತೆ. ಭೂಮಿ ಸೂರ್ಯನ ಸುತ್ತ ತಿರುಗ್ತೈತಿ ಅಂತ ಒಂದನೇ ಕ್ಲಾಸಿನಿಂದ ಕೇಳಿದ್ದೆ, ನನ್ನ ಡಿಶ್ ಅದನ್ನ ಅಳೆದು ಕೊಟ್ಟಿದ್ದು ಈಗ.

ಒಂದು ಕಡೆ ಒಂಟಿ ಗುಡ್ಡ, ಇನ್ನೊಂದು ಕಡೆ ಅಗಲ ಯಾಕೆ?

ಜೋಗಿಮಟ್ಟಿ:

ಅಭಿನಂದನೆ ಅಣ್ಣಾ, ನಿಮ್ಮ ಮಗಳಿಗೂ ಹೇಳಿ. ಆರ್ದ್ರಾ ಕಡೆ ನೀವು ಗೆಲಾಕ್ಸಿಯ ನಡುಭಾಗಕ್ಕೆ ಬೆನ್ನು ಮಾಡಿ ಹೊರಗೆ ನೋಡುತ್ತಿದ್ದೀರಿ. ಅಲ್ಲಿನ ಅನಿಲ ನಮ್ಮ ದೃಷ್ಟಿಗೆ ಅಡ್ಡಡ್ಡ ಹೋಗುತ್ತದೆ, ಹತ್ತಿರವೂ ಬರುವುದಿಲ್ಲ, ದೂರವೂ ಹೋಗುವುದಿಲ್ಲ, ಹಾಗಾಗಿ ಎಲ್ಲವೂ ಒಂದೇ ಕಡೆ ಗುಡ್ಡೆ ಬೀಳುತ್ತದೆ. ಶ್ರವಣದ ಕಡೆ ನೋಟ ಒಳಕ್ಕೆ ಹೋಗಿ ಸುರುಳಿ ತೋಳುಗಳನ್ನು ಕೊಯ್ಯುತ್ತದೆ. ಒಂದೊಂದು ತೋಳಿಗೆ ಒಂದೊಂದು ವೇಗ. ಬಲಗಡೆಯ ಕೊನೆ ಗುಡ್ಡ ಸೆಕೆಂಡಿಗೆ 50ರಿಂದ 60 ಕಿ.ಮೀ. ಹತ್ತಿರ ನಿಂತಿದ್ದರೆ, ಅದು ನಿಮ್ಮ ನೋಟ ಗೆಲಾಕ್ಸಿಯ ನಡುವಿಗೆ ಅತಿ ಸಮೀಪ ಹಾಯುವ ಜಾಗದ ಅನಿಲ.

ಹಳೇಡಿಶ್_ದಾವಣಗೆರೆ:

55ಕ್ಕೆ ನಿಂತೈತಿ.

ಭಾಗಿಸಿದ ಮೇಲೆ ಹತ್ತರಲ್ಲಿ ಏಳು ಪಟ್ಟೆ ಸಮ ಆದವು. ಉಳಿದ ಮೂರು ದಕ್ಷಿಣಕ್ಕೆ ಬಗ್ಗಿಸಿದವು, ನೆಲದ ಬಿಸಿ ಅಂತ ಈಗ ಗೊತ್ತಾತು, ಎಸ್8 ನೋಡಿ ತೂಗ್ತೀನಿ. ಬೋಲ್ಟಿಗೆ ಮೂರು ಡಿಗ್ರಿಗೊಂದು ಗುರುತು ಹಾಕಿದ್ದೀನಿ, ಎಲ್ಲಾ ಮೊದಲಿಂದ ತೆಗೀತೀನಿ.

ಮೇಷ್ಟ್ರೇ, ನಿಮ್ಮ ಮಕ್ಕಳನ್ನ ಕರ್ಕೊಂಡು ಬರ್ರಿ. ಫೆಬ್ರವರಿ ಮಧ್ಯಕ್ಕೆ ಶ್ರವಣದ ಕಡೆಯ ದಾಟು ಬೆಳಿಗ್ಗೆ ಹತ್ತೂಕಾಲಿಗೆ ನೆತ್ತಿಗೆ ಬರ್ತೈತಿ. ಬಿಸಿಲಿದ್ದರೂ ಅಡ್ಡಿಯಿಲ್ಲ, ಮೊದಲನೇ ಬಸ್ಸಿಗೆ ಹೊರಟರೆ ಮೂರು ಗುಡ್ಡನೂ ಕಣ್ಣೆದುರೇ ಎದ್ದು ಬರೋದು ನೋಡಬಹುದು. ಡಬ್ಬಿ ಅಳತೆನೂ ಅವರ ಕೈಯಿಂದಲೇ ತಗೊಳ್ಳಲಿ.